ಖನಿಜಯುಕ್ತ ಮಣ್ಣಿನಲ್ಲಿ ಹಳೆಯ ನಾಣ್ಯಗಳ ಲೋಹಶೋಧನೆ

ಖನಿಜಯುಕ್ತ ಮಣ್ಣಿನಲ್ಲಿ ಹಳೆಯ ನಾಣ್ಯಗಳ ಲೋಹಶೋಧನೆ ಎಂದರೆ ಕಬ್ಬಿಣದ ಖನಿಜಗಳು ಹೇರಳವಾಗಿ ಬೆರೆತಿರುವ ಹಾಗೂ ಮೊಳೆ, ಲಾಳ, ಕಿಟ್ಟ ಮುಂತಾದ ಕಬ್ಬಿಣದ ಚೂರುಗಳು ಹರಡಿಕೊಂಡಿರುವ ನೆಲದಲ್ಲಿ ಲೋಹಶೋಧಕ ಯಂತ್ರದ ನೆರವಿನಿಂದ ಪ್ರಾಚೀನ ನಾಣ್ಯಗಳನ್ನು ಗುರುತಿಸುವ ಕ್ರಮ. ಇಂತಹ ನೆಲದಲ್ಲಿ ಮಣ್ಣೇ ಯಂತ್ರಕ್ಕೆ ಲೋಹದಂತೆ ತೋರುತ್ತದೆ. ಸಣ್ಣ ಬೆಳ್ಳಿಯ ನಾಣ್ಯವೊಂದರ ಸಂಕೇತವು ಪಕ್ಕದಲ್ಲಿರುವ ತುಕ್ಕು ಹಿಡಿದ ಮೊಳೆಯ ಸಂಕೇತದಲ್ಲಿ ಮುಚ್ಚಿಹೋಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇದು ಕಾನೂನಿನ ಚೌಕಟ್ಟಿನೊಳಗೆ ನಡೆಯುವ ಜನಪ್ರಿಯ ಹವ್ಯಾಸ. ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಪುರಾತನ ವಸ್ತುಗಳ ಶೋಧನೆ ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಟ್ಟಿದೆ.

ಹಿನ್ನೆಲೆ

ವಿದ್ಯುತ್ಕಾಂತೀಯ ಪ್ರೇರಣೆಯಿಂದ ಲೋಹವನ್ನು ಪತ್ತೆಹಚ್ಚುವ ಪ್ರಯತ್ನಗಳು 19ನೆಯ ಶತಮಾನದಲ್ಲಿ ಆರಂಭವಾದವು. 1879ರಲ್ಲಿ ಡೇವಿಡ್ ಹ್ಯೂಸ್ ಅವರು ಸುರುಳಿಗಳ ಸಮತೋಲವನ್ನು ಆಧರಿಸಿದ ಉಪಕರಣವೊಂದನ್ನು ರೂಪಿಸಿದರು. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಗುಂಡೇಟಿಗೆ ಒಳಗಾದಾಗ, ದೇಹದೊಳಗೆ ಉಳಿದ ಗುಂಡನ್ನು ಪತ್ತೆಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ತ್ವದ ಸಾಧನವನ್ನು ಬಳಸಿದರು. ಪ್ರಯತ್ನ ಸಫಲವಾಗಲಿಲ್ಲ. ವೈದ್ಯರು ದೇಹದ ಒಂದು ಪಾರ್ಶ್ವವನ್ನಷ್ಟೇ ಪರೀಕ್ಷಿಸಲು ಅವಕಾಶ ಕೊಟ್ಟದ್ದು ಒಂದು ಕಾರಣವಾದರೆ, ಹಾಸಿಗೆಯ ಅಡಿಯಲ್ಲಿದ್ದ ಉಕ್ಕಿನ ತಂತಿಗಳು ಸಂಕೇತವನ್ನು ಕೆಡಿಸಿದ್ದು ಮತ್ತೊಂದು ಕಾರಣವೆಂದು ಹೇಳಲಾಗುತ್ತದೆ. ಬೇಕಾದ ಲೋಹದ ಧ್ವನಿಯನ್ನು ಬೇಡವಾದ ಕಬ್ಬಿಣ ನುಂಗಿಬಿಡುವ ಈ ಸಮಸ್ಯೆ ಲೋಹಶೋಧನೆಯ ಜೊತೆಯಲ್ಲೇ ಹುಟ್ಟಿತೆನ್ನಬಹುದು.

ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಗೆರ್ಹಾರ್ಡ್ ಫಿಶರ್ ಅವರು ರೇಡಿಯೊ ದಿಕ್ಸೂಚಿಗಳು ಅದಿರಿರುವ ಪ್ರದೇಶಗಳಲ್ಲಿ ತಪ್ಪು ದಿಕ್ಕು ತೋರಿಸುವುದನ್ನು ಗಮನಿಸಿ, ಸುಲಭವಾಗಿ ಒಯ್ಯಬಹುದಾದ ಲೋಹಶೋಧಕವನ್ನು ನಿರ್ಮಿಸಿ 1937ರಲ್ಲಿ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಶೋಧಕವನ್ನು 1942ರ ಎಲ್ ಅಲಮೇನ್ ಕದನದಲ್ಲಿ ಬಳಸಲಾಯಿತು. ಯುದ್ಧಾನಂತರ ಉಳಿದ ಸೇನಾ ಉಪಕರಣಗಳು ನಾಗರಿಕರ ಕೈಗೆ ಬಂದವು. ಟ್ರಾನ್ಸಿಸ್ಟರ್ ಬಳಕೆಗೆ ಬಂದು ಯಂತ್ರಗಳು ಹಗುರವಾದ ಮೇಲೆ ನಾಣ್ಯಶೋಧನೆ ಒಂದು ಹವ್ಯಾಸವಾಗಿ ಬೆಳೆಯಿತು.

ಲೋಹಶೋಧಕದ ಕಾರ್ಯತತ್ತ್ವ

ಸಾಮಾನ್ಯ ಲೋಹಶೋಧಕದ ತಳದ ತಟ್ಟೆಯಲ್ಲಿ ಎರಡು ಸುರುಳಿಗಳಿರುತ್ತವೆ. ಪ್ರಸಾರಕ ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ನೆಲದೊಳಗೆ ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಈ ಕ್ಷೇತ್ರಕ್ಕೆ ಸಿಕ್ಕಿದ ಲೋಹದಲ್ಲಿ ಸುಳಿಪ್ರವಾಹಗಳು ಹುಟ್ಟುತ್ತವೆ. ಅವು ತಮ್ಮದೇ ಆದ ಮತ್ತೊಂದು ಕ್ಷೇತ್ರವನ್ನು ಸೃಷ್ಟಿಸುತ್ತವೆ. ಗ್ರಾಹಕ ಸುರುಳಿ ಈ ಎರಡನೆಯ ಕ್ಷೇತ್ರವನ್ನು ಗ್ರಹಿಸುತ್ತದೆ.

ಯಂತ್ರವು ಸಂಕೇತದ ಬಲವನ್ನಷ್ಟೇ ಅಲ್ಲದೆ, ಮೂಲ ಕ್ಷೇತ್ರಕ್ಕೆ ಹೋಲಿಸಿದರೆ ಅದು ಎಷ್ಟು ಹಿಂದೆ ಬೀಳುತ್ತದೆ ಎಂಬುದನ್ನೂ ಅಳೆಯುತ್ತದೆ. ಈ ವ್ಯತ್ಯಾಸಕ್ಕೆ ಕಲಾಂತರ ಎಂದು ಹೆಸರು. ದಪ್ಪನಾದ ಬೆಳ್ಳಿಯ ನಾಣ್ಯ ಒಂದು ತುದಿಯ ಕಲಾಂತರವನ್ನು ಕೊಟ್ಟರೆ, ಕಬ್ಬಿಣದ ಮೊಳೆ ಇನ್ನೊಂದು ತುದಿಯದನ್ನು ಕೊಡುತ್ತದೆ. ತೆಳುವಾದ ಸಣ್ಣ ನಾಣ್ಯಗಳು ಈ ಎರಡರ ನಡುವೆ ಬರುತ್ತವೆ. ಯಂತ್ರದಲ್ಲಿ ಕಾಣುವ ಅಂಕಿಗಳೂ ಕೇಳಿಸುವ ಬೇರೆ ಬೇರೆ ಸ್ವರಗಳೂ ಈ ಅಳತೆಯನ್ನೇ ಆಧರಿಸಿವೆ. ಕಬ್ಬಿಣದ ಕಲಾಂತರ ಬಂದಾಗ ಯಂತ್ರ ಮೌನವಾಗಿರುವಂತೆ ಹೊಂದಿಸುವುದನ್ನು ವಿವೇಚನೆ ಎನ್ನುತ್ತಾರೆ.

ಆಳ ಹೆಚ್ಚಿದಂತೆ ಸಂಕೇತ ಬಹುಬೇಗ ಕ್ಷೀಣಿಸುತ್ತದೆ. ಸುರುಳಿಯ ಅಳತೆಗಿಂತ ದೂರವಿರುವ ಸಣ್ಣ ವಸ್ತುವಿಗೆ ತಲಪುವ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ತಗ್ಗುತ್ತದೆ. ಮರಳಿ ಬರುವ ಕ್ಷೇತ್ರವೂ ಹಾಗೆಯೇ ತಗ್ಗುತ್ತದೆ. ಆದ್ದರಿಂದ ದೂರ ಇಮ್ಮಡಿಯಾದರೆ ಸಂಕೇತ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಾಣ್ಯ ಕೆಲವೇ ಸೆಂಟಿಮೀಟರ್ ಹೆಚ್ಚು ಆಳದಲ್ಲಿದ್ದರೂ ಯಂತ್ರಕ್ಕೆ ಕಾಣದೆ ಹೋಗುವುದು ಇದರಿಂದಲೇ.

ಮಣ್ಣಿನ ಖನಿಜಾಂಶ

ಲೋಹಶೋಧಕಕ್ಕೆ ತೊಡಕುಂಟುಮಾಡುವ ಮುಖ್ಯ ಖನಿಜಗಳು ಮ್ಯಾಗ್ನೆಟೈಟ್ ಮತ್ತು ಮ್ಯಾಗ್ಹೆಮೈಟ್ ಎಂಬ ಕಬ್ಬಿಣದ ಆಕ್ಸೈಡುಗಳು. ಇವು ಯಂತ್ರದ ಕ್ಷೇತ್ರದಲ್ಲಿ ತಾವೇ ಕಾಂತತ್ವ ಪಡೆದು ಮರುಸಂಕೇತ ಕೊಡುತ್ತವೆ. ಅತಿ ಸೂಕ್ಷ್ಮವಾದ ಮ್ಯಾಗ್ಹೆಮೈಟ್ ಕಣಗಳು ಕ್ಷೇತ್ರ ಬದಲಾದ ತಕ್ಷಣ ಬದಲಾಗದೆ ತುಸು ತಡವಾಗಿ ಪ್ರತಿಕ್ರಿಯಿಸುತ್ತವೆ. ಈ ವಿಳಂಬ ಲೋಹದ ಪ್ರತಿಕ್ರಿಯೆಯನ್ನು ಹೋಲುವುದರಿಂದ ಯಂತ್ರ ಮೋಸಹೋಗುತ್ತದೆ. ಹೆಮಟೈಟ್ ಮಣ್ಣನ್ನು ಕೆಂಪಾಗಿಸಿದರೂ ಅದರ ಕಾಂತತ್ವ ಬಹಳ ದುರ್ಬಲ. ಹೀಗಾಗಿ ಮಣ್ಣಿನ ಬಣ್ಣವೊಂದರಿಂದಲೇ ಅದರ ಖನಿಜಪ್ರಭಾವವನ್ನು ನಿರ್ಣಯಿಸಲಾಗದು. ಬಸಾಲ್ಟ್ ಶಿಲೆಯಿಂದಾದ ಕಪ್ಪು ಮಣ್ಣು ಕೆಂಪು ಮಣ್ಣಿಗಿಂತ ಹೆಚ್ಚು ಗದ್ದಲ ಮಾಡಬಹುದು.

ಬೆಂಕಿಗೂ ಈ ವಿಷಯಕ್ಕೂ ಹತ್ತಿರದ ಸಂಬಂಧವಿದೆ. ಒಲೆ, ಕುಲುಮೆ ಅಥವಾ ಗುಡಿಸಲಿನ ಬೆಂಕಿಯಲ್ಲಿ ಮಣ್ಣು ಕಾದಾಗ ಅದರಲ್ಲಿನ ದುರ್ಬಲ ಕಾಂತತ್ವದ ಖನಿಜಗಳು ಮ್ಯಾಗ್ನೆಟೈಟ್ ಮತ್ತು ಮ್ಯಾಗ್ಹೆಮೈಟ್ ಆಗಿ ಮಾರ್ಪಡುತ್ತವೆ. ಆದ್ದರಿಂದ ಜನರು ತಲೆಮಾರುಗಟ್ಟಲೆ ಬಾಳಿದ ನೆಲ ಸುತ್ತಲಿನ ಹೊಲಕ್ಕಿಂತ ಹೆಚ್ಚು ಕಾಂತತ್ವ ಹೊಂದಿರುತ್ತದೆ. ಪುರಾತತ್ತ್ವಜ್ಞರು ಅಗೆಯದೆಯೇ ಹಳೆಯ ವಸತಿಗಳನ್ನು ಗುರುತಿಸಲು ಈ ಗುಣವನ್ನು ಬಳಸುತ್ತಾರೆ. ನಾಣ್ಯ ಹುಡುಕುವವನಿಗಾದರೋ ಇದೊಂದು ವಿಪರ್ಯಾಸ: ನಾಣ್ಯ ಸಿಗುವ ಸಂಭವ ಎಲ್ಲಿ ಹೆಚ್ಚೋ ಅಲ್ಲಿಯೇ ಮಣ್ಣಿನ ತೊಡಕೂ ಕಬ್ಬಿಣದ ಕಸವೂ ಹೆಚ್ಚು.

ಮಣ್ಣಿನ ಸಂಕೇತವನ್ನು ಕಳೆದುಹಾಕುವ ಹೊಂದಾಣಿಕೆಗೆ ಭೂಸಮತೋಲನ ಎಂದು ಹೆಸರು. ಲೋಹವಿಲ್ಲದ ಜಾಗದಲ್ಲಿ ತಟ್ಟೆಯನ್ನು ನೆಲದಿಂದ ಮೇಲಕ್ಕೂ ಕೆಳಕ್ಕೂ ಆಡಿಸುತ್ತ, ಧ್ವನಿಯಲ್ಲಿ ಏರಿಳಿತ ಇಲ್ಲದಂತೆ ಯಂತ್ರವನ್ನು ಹೊಂದಿಸಬೇಕು. ಮಣ್ಣಿನ ಗುಣ ಹೆಜ್ಜೆಹೆಜ್ಜೆಗೂ ಬದಲಾಗುವ ಕಡೆ ಇದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಸಮತೋಲನ ಸರಿಯಿಲ್ಲದಿದ್ದರೆ ಆಳದ ನಾಣ್ಯದ ಕ್ಷೀಣ ಸಂಕೇತ ಮಣ್ಣಿನ ಸಂಕೇತದೊಂದಿಗೆ ಬೆರೆತು ಕಬ್ಬಿಣದ ಕಡೆಗೆ ವಾಲುತ್ತದೆ. ಆಗ ಒಳ್ಳೆಯ ನಾಣ್ಯವನ್ನೂ ಯಂತ್ರ ಮೊಳೆಯೆಂದೇ ಸೂಚಿಸಬಹುದು.

ಕಬ್ಬಿಣದ ಕಸ ಮತ್ತು ಮರೆಮಾಚುವಿಕೆ

ನಾಣ್ಯದ ಪಕ್ಕದಲ್ಲಿ ಅಥವಾ ಮೇಲೆ ಕಬ್ಬಿಣವಿದ್ದಾಗ ಎರಡರ ಸಂಕೇತಗಳೂ ಕೂಡಿಕೊಂಡು ಒಂದಾಗಿ ಗ್ರಾಹಕವನ್ನು ತಲಪುತ್ತವೆ. ಕಬ್ಬಿಣದ ಪಾಲು ಹೆಚ್ಚಾಗಿದ್ದರೆ ವಿವೇಚನೆ ಒಟ್ಟು ಸಂಕೇತವನ್ನೇ ತಿರಸ್ಕರಿಸುತ್ತದೆ. ಇದನ್ನು ಮರೆಮಾಚುವಿಕೆ ಎನ್ನುತ್ತಾರೆ. ಇದಲ್ಲದೆ, ಒಂದು ವಸ್ತುವಿಗೆ ಪ್ರತಿಕ್ರಿಯಿಸಿದ ಯಂತ್ರ ಮುಂದಿನದನ್ನು ಗ್ರಹಿಸಲು ಅಲ್ಪ ಕಾಲ ತೆಗೆದುಕೊಳ್ಳುತ್ತದೆ. ತಟ್ಟೆ ವೇಗವಾಗಿ ಚಲಿಸಿದರೆ ಮೊಳೆಯ ಬೆನ್ನಿಗೇ ಬರುವ ನಾಣ್ಯ ಆ ಅಂತರದಲ್ಲಿ ತಪ್ಪಿಹೋಗುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಚಪ್ಪಟೆಯಾದ ತಗಡು, ಬಳೆಯಾಕಾರದ ಕೊಂಡಿ, ಬಾಗಿದ ಮೊಳೆ ಮುಂತಾದವುಗಳಲ್ಲಿ ಸುಳಿಪ್ರವಾಹ ಸರಾಗವಾಗಿ ಹರಿಯುವುದರಿಂದ ಅವು ಬೆಳ್ಳಿಯಂತೆ ಉಚ್ಚಸ್ವರ ಕೊಡಬಲ್ಲವು. ಇವನ್ನು ಗುರುತಿಸಲು ಅನುಭವಿಗಳು ಅದೇ ಜಾಗವನ್ನು 90 ಡಿಗ್ರಿ ತಿರುಗಿ ಮತ್ತೆ ಪರೀಕ್ಷಿಸುತ್ತಾರೆ. ದುಂಡನೆಯ ನಾಣ್ಯ ಎಲ್ಲ ದಿಕ್ಕಿನಿಂದಲೂ ಹೆಚ್ಚುಕಡಿಮೆ ಒಂದೇ ಸ್ವರ ಕೊಡುತ್ತದೆ. ಕಬ್ಬಿಣದ ಸ್ವರ ಒಡೆಯುತ್ತದೆ, ಸ್ಥಾನ ಬದಲಿಸುತ್ತದೆ, ತಟ್ಟೆಯ ಅಂಚಿಗೆ ಬಂದಾಗ ಗೊಗ್ಗರಾಗುತ್ತದೆ. ಆದರೆ ಈ ಪರೀಕ್ಷೆ ಖಚಿತವಲ್ಲ. ಮೊಳೆಗಳ ನಡುವಿನ ನಾಣ್ಯವೂ ಒಂದೇ ದಿಕ್ಕಿನಿಂದ ಮಾತ್ರ ಕೇಳಿಸಬಹುದು.

ಶೋಧನೆಯ ಕ್ರಮ

ಇಂತಹ ನೆಲದಲ್ಲಿ ಶಕ್ತಿ ಹೆಚ್ಚಿಸುವುದಕ್ಕಿಂತ ಗದ್ದಲ ತಗ್ಗಿಸುವುದು ಫಲಕಾರಿ. ಸಾಮಾನ್ಯವಾಗಿ ಅನುಸರಿಸುವ ಕ್ರಮಗಳು ಹೀಗಿವೆ:

- ಸಣ್ಣ ತಟ್ಟೆ: ಸುಮಾರು 28 ಸೆಂ.ಮೀ. ತಟ್ಟೆಯ ಬದಲು 15 ಸೆಂ.ಮೀ. ಆಸುಪಾಸಿನದನ್ನು ಬಳಸಿದರೆ ಒಮ್ಮೆಗೆ ಅದರಡಿ ಬರುವ ಮಣ್ಣೂ ಮೊಳೆಗಳೂ ಕಡಿಮೆಯಾಗುತ್ತವೆ. ಆಳ ತುಸು ಕಡಿಮೆಯಾದರೂ ಪಕ್ಕಪಕ್ಕದ ವಸ್ತುಗಳನ್ನು ಬೇರ್ಪಡಿಸುವ ಸಾಮರ್ಥ್ಯ ಹೆಚ್ಚುತ್ತದೆ.
- ಸುರುಳಿಯ ವಿನ್ಯಾಸ: ಎರಡು 'ಡಿ' ಆಕಾರದ ಸುರುಳಿಗಳು ಒಂದರ ಮೇಲೊಂದು ಅಂಚು ಹಾಯ್ದಿರುವ ವಿನ್ಯಾಸದಲ್ಲಿ ಗ್ರಹಣಕ್ಷೇತ್ರ ಕತ್ತಿಯ ಅಲಗಿನಂತೆ ಕಿರಿದಾಗಿರುತ್ತದೆ. ಆದ್ದರಿಂದ ಇದು ಏಕಕೇಂದ್ರ ಸುರುಳಿಗಿಂತ ಮಣ್ಣಿನ ಪ್ರಭಾವಕ್ಕೆ ಕಡಿಮೆ ಒಳಗಾಗುತ್ತದೆ.
- ಸಂವೇದನೆ: ಅದನ್ನು ಹೆಚ್ಚಿಸಿದರೆ ಮಣ್ಣಿನ ಸಂಕೇತವೂ ಹೆಚ್ಚುತ್ತದೆ. ಸುಳ್ಳು ಸಂಕೇತಗಳು ನಿಲ್ಲುವವರೆಗೆ ತಗ್ಗಿಸುವುದು ಲೇಸು.
- ವಿವೇಚನೆ: ಕಬ್ಬಿಣವನ್ನು ಪೂರ್ತಿ ಮೌನಗೊಳಿಸದೆ ಅದಕ್ಕೊಂದು ಮಂದ್ರಸ್ವರ ಕೊಟ್ಟು ಕಿವಿಯಿಂದಲೇ ಬೇರ್ಪಡಿಸಿದರೆ ಮರೆಯಾದ ನಾಣ್ಯದ ತುಣುಕುಸ್ವರವೂ ಕೇಳಿಸೀತು.
- ಚಲನೆ: ತಟ್ಟೆಯನ್ನು ನಿಧಾನವಾಗಿ, ಒಂದರ ಮೇಲೊಂದು ಹಾಯುವಂತೆ ಬೀಸಿ, ಅದೇ ಜಾಗವನ್ನು ಅಡ್ಡದಿಕ್ಕಿನಲ್ಲಿಯೂ ಶೋಧಿಸಬೇಕು.

ಯಂತ್ರದ ಕಂಪನಾಂಕವೂ ಮುಖ್ಯ. ಕೆಲವು ಕಿಲೋಹರ್ಟ್ಸ್‌ನಷ್ಟು ಕಡಿಮೆ ಕಂಪನಾಂಕ ದಪ್ಪನಾದ ಬೆಳ್ಳಿ, ತಾಮ್ರದ ನಾಣ್ಯಗಳಿಗೆ ಹೊಂದುತ್ತದೆ. ಸುಮಾರು 18 ಮಿ.ಮೀ. ವ್ಯಾಸವಿದ್ದು ಒಂದೂವರೆ ಗ್ರಾಂನಷ್ಟೂ ತೂಗದ ಮಧ್ಯಯುಗದ ಇಂಗ್ಲಿಷ್ ಬೆಳ್ಳಿ ಪೆನ್ನಿಗೆ, ಅದರಲ್ಲೂ ಚಿಲ್ಲರೆಗಾಗಿ ಅರ್ಧ ಅಥವಾ ಕಾಲು ಭಾಗವಾಗಿ ಕತ್ತರಿಸಿದ ತುಂಡುಗಳಿಗೆ, ಹೆಚ್ಚಿನ ಕಂಪನಾಂಕ ಉತ್ತಮ. ಹಲವು ಕಂಪನಾಂಕಗಳನ್ನು ಒಟ್ಟಿಗೆ ಬಳಸುವ ಯಂತ್ರಗಳು ಅವುಗಳ ಫಲಿತಗಳನ್ನು ಹೋಲಿಸಿ ಮಣ್ಣಿನ ಪಾಲನ್ನು ಕಳೆಯುತ್ತವೆ. ವಿದ್ಯುತ್ ಮಿಡಿತಗಳನ್ನು ಕಳಿಸಿ ಅವು ನಿಂತ ಮೇಲೆ ಆಲಿಸುವ ಮಿಡಿತ ಪ್ರೇರಣೆಯ ಯಂತ್ರಗಳು ಖನಿಜಯುಕ್ತ ನೆಲದಲ್ಲಿ ಹೆಚ್ಚು ಆಳಕ್ಕೆ ಹೋಗುತ್ತವೆ. ಆದರೆ ಅವು ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ಹಿಂದುಳಿಯುವುದರಿಂದ ಮೊಳೆ ತುಂಬಿದ ವಸತಿನೆಲೆಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ.

ನಾಣ್ಯ ಮತ್ತು ಅದರ ನೆಲೆ

ನಾಣ್ಯದ ಮೇಲಿನ ಅಕ್ಷರಗಳು ಅದನ್ನು ಟಂಕಿಸಿದವರನ್ನು ತಿಳಿಸುತ್ತವೆ. ಅದು ಯಾವ ಪದರದಲ್ಲಿ, ಯಾವ ವಸ್ತುಗಳ ಜೊತೆ ಸಿಕ್ಕಿತೆಂಬುದು ಆ ಸ್ಥಳದ ಇತಿಹಾಸವನ್ನು ತಿಳಿಸುತ್ತದೆ. ಈ ಎರಡನೆಯ ಮಾಹಿತಿ ಅಗೆಯುವ ಕ್ಷಣದಲ್ಲಿ ದಾಖಲಾಗದಿದ್ದರೆ ಮತ್ತೆಂದೂ ದೊರೆಯದು. ಶೋಧಕನು ಕಸವೆಂದು ಎಸೆಯುವ ಮೊಳೆ, ಕಿಟ್ಟಗಳೂ ಅಲ್ಲಿ ಮನೆಯೋ ಕಮ್ಮಾರಸಾಲೆಯೋ ಇದ್ದುದಕ್ಕೆ ಸಾಕ್ಷಿಗಳೇ.

ಇಂಗ್ಲೆಂಡಿನ ಎರಡು ಪ್ರಸಂಗಗಳು ಇದನ್ನು ಸ್ಪಷ್ಟಪಡಿಸುತ್ತವೆ. 1992ರ ನವೆಂಬರಿನಲ್ಲಿ ಸಫೋಕ್‌ನ ಹಾಕ್ಸನ್ ಎಂಬಲ್ಲಿ ಎರಿಕ್ ಲಾಸ್ ಅವರು ರೈತನೊಬ್ಬನ ಕಳೆದುಹೋದ ಸುತ್ತಿಗೆಯನ್ನು ಹುಡುಕುವಾಗ ರೋಮನ್ ನಾಣ್ಯಗಳು ಕಾಣಿಸಿದವು. ಅವರು ಪೂರ್ತಿ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ತ್ವಜ್ಞರು ಬಂದು ಅಗೆದಾಗ 15 ಸಾವಿರ ನಾಣ್ಯಗಳಷ್ಟೇ ಅಲ್ಲ, ಅವನ್ನು ಇರಿಸಿದ್ದ ಮರದ ಪೆಟ್ಟಿಗೆಯ ಕುರುಹುಗಳೂ ದೊರೆತವು. ಆ ಸುತ್ತಿಗೆಯೂ ಸಿಕ್ಕಿ ಬ್ರಿಟಿಷ್ ಮ್ಯೂಸಿಯಂ ಸೇರಿತು. ಇದಕ್ಕೆ ವಿರುದ್ಧವಾಗಿ, 2015ರಲ್ಲಿ ಹೆರಫರ್ಡ್‌ಶೈರ್‌ನ ಲೆಮ್‌ಸ್ಟರ್ ಬಳಿ ಸಿಕ್ಕ ವೈಕಿಂಗ್ ಕಾಲದ ನಿಧಿಯನ್ನು ಶೋಧಕರು ಮುಚ್ಚಿಟ್ಟು ಮಾರಿದರು. ಅದರಲ್ಲಿ ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜು. 2019ರಲ್ಲಿ ತಪ್ಪಿತಸ್ಥರಿಗೆ ಸೆರೆವಾಸದ ಶಿಕ್ಷೆಯಾಗುವ ವೇಳೆಗೆ ಕೈಗೆ ದೊರೆತಿದ್ದವು ಸುಮಾರು 30 ಮಾತ್ರ. ವೆಸೆಕ್ಸ್‌ನ ಆಲ್ಫ್ರೆಡ್ ಮತ್ತು ಮರ್ಸಿಯಾದ ಎರಡನೆಯ ಕಿಯೊಲ್‌ವುಲ್ಫ್ ಎಂಬ ಅರಸರು ಮಿತ್ರರಾಗಿದ್ದರೆಂಬುದಕ್ಕೆ ಅವು ಅಪರೂಪದ ಸಾಕ್ಷ್ಯ. ಉಳಿದ ನಾಣ್ಯಗಳು ಏನು ಹೇಳುತ್ತಿದ್ದವೆಂಬುದು ಇತಿಹಾಸಕ್ಕೆ ಆದ ನಷ್ಟ.

ಕಾನೂನು

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಶೋಧನೆಗೆ ಭೂಮಾಲೀಕರ ಒಪ್ಪಿಗೆ ಬೇಕು. 1979ರ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕಗಳ ನೆಲದಲ್ಲಿ ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದು ಅಪರಾಧ. 1996ರ ನಿಧಿ ಕಾಯ್ದೆಯಂತೆ ಒಂದೇ ಕಡೆ ಸಿಕ್ಕ, 300 ವರ್ಷಕ್ಕೂ ಹಳೆಯದಾದ ಎರಡು ಅಥವಾ ಹೆಚ್ಚು ಚಿನ್ನ ಬೆಳ್ಳಿಯ ನಾಣ್ಯಗಳು, ಇಲ್ಲವೆ ಇತರ ಲೋಹದ ಹತ್ತು ನಾಣ್ಯಗಳು, ನಿಧಿಯೆನಿಸುತ್ತವೆ. 14 ದಿನಗಳೊಳಗೆ ಇದನ್ನು ವರದಿ ಮಾಡಬೇಕು. ಬಿಡಿ ವಸ್ತುಗಳನ್ನು ಸ್ವಯಂಪ್ರೇರಣೆಯಿಂದ ದಾಖಲಿಸಲು 1997ರಲ್ಲಿ ಆರಂಭವಾದ ಯೋಜನೆಯ ಸಂಗ್ರಹದಲ್ಲಿ ಇಂದು 15 ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರಗಳಿವೆ.

ಭಾರತದಲ್ಲಿ 1878ರ ಭಾರತೀಯ ನಿಧಿ ಕಾಯ್ದೆ ಭೂಮಿಯಲ್ಲಿ ಹುದುಗಿದ ಬೆಲೆಬಾಳುವ ವಸ್ತುಗಳ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿತು. ಕರ್ನಾಟಕದಲ್ಲಿ 1962ರ ಪ್ರತ್ಯೇಕ ನಿಧಿ ಕಾಯ್ದೆ ಇದೆ. 1958ರ ಪುರಾತನ ಸ್ಮಾರಕಗಳ ಕಾಯ್ದೆಯು ಸಂರಕ್ಷಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದ ಅಗೆತವನ್ನು ನಿಷೇಧಿಸುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ 100 ವರ್ಷಕ್ಕಿಂತ ಹಳೆಯ ನಾಣ್ಯ ಪ್ರಾಚ್ಯವಸ್ತುವೆನಿಸುತ್ತದೆ.

ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣು, ಉತ್ತರ ಕರ್ನಾಟಕದ ಬಸಾಲ್ಟ್ ಮೂಲದ ಎರೆಮಣ್ಣುಗಳು ಖನಿಜಯುಕ್ತ ನೆಲಕ್ಕೆ ಸಮೀಪದ ಉದಾಹರಣೆಗಳು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ನಡೆಸಿದ ಉತ್ಖನನಗಳಲ್ಲಿ ರೋಮನ್ ಮತ್ತು ಶಾತವಾಹನ ನಾಣ್ಯಗಳು ದೊರೆತವು. ಅವು ಪದರಗಳ ಸಹಿತ ದಾಖಲಾದುದರಿಂದಲೇ ದಕ್ಷಿಣ ಭಾರತದ ಆರಂಭಿಕ ಇತಿಹಾಸದ ಕಾಲಗಣನೆಗೆ ಆಧಾರವಾದವು. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ನಾಣ್ಯ ಕಂಡವರು ಅದನ್ನು ಉಜ್ಜಿ ತೊಳೆಯದೆ, ಸ್ಥಳವನ್ನು ಮತ್ತಷ್ಟು ಕೆದಕದೆ, ತಹಶೀಲ್ದಾರರ ಕಚೇರಿಗೆ, ಜಿಲ್ಲಾಧಿಕಾರಿಗೆ ಅಥವಾ ರಾಜ್ಯ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.