ಹಾಕಿ ಶಿಕ್ಷಣದ ಬೆಲೆ

ಜಯನಗರದ ಗೃಹಸ್ಥರು ಮಕ್ಕಳ ಶಿಕ್ಷಣಕ್ಕೆ ಹಣ ವೆಚ್ಚ ಮಾಡಲು ಹಿಂಜರಿಯುವವರಲ್ಲ. ಸಂಗೀತದ ಪಾಠ, ಗಣಿತದ ಮನೆಪಾಠ, ಈಜು, ಕ್ರಿಕೆಟ್ಟು ಇವೆಲ್ಲಕ್ಕೂ ಶುಲ್ಕ ತೆತ್ತು ಅವರಿಗೆ ಅಭ್ಯಾಸವಾಗಿ ಹೋಗಿದೆ. ಆದರೆ ಹನ್ನೊಂದು ಹನ್ನೆರಡು ವರ್ಷದ ಬಾಲಕನೊಬ್ಬನು ತಾನು ಹಾಕಿ ಕಲಿಯಬೇಕೆಂದು ಹಟ ಹಿಡಿದಾಗ ಮಾತ್ರ ಮನೆಯ ಯಜಮಾನನು ಕಾಗದ ಲೇಖನಿಗಳನ್ನು ಹಿಡಿದು ಲೆಕ್ಕ ಹಾಕಲು ಕುಳಿತುಕೊಳ್ಳುತ್ತಾನೆ. ಶಾಲೆಯಲ್ಲಿ ಆ ಆಟವಿಲ್ಲ. ಬಡಾವಣೆಯಲ್ಲಿ ಅದಕ್ಕೆ ತಕ್ಕ ಮೈದಾನವಿಲ್ಲ. ಹಣ ಕೊಟ್ಟರೆ ಕಲಿಸುವ ಅಕಾಡೆಮಿಗಳು ನಗರದಲ್ಲಿವೆ. ಅವುಗಳ ಶುಲ್ಕವು ಎಲ್ಲರ ಕೈಗೆ ಎಟುಕತಕ್ಕದ್ದಲ್ಲ. ಈ ವೆಚ್ಚಕ್ಕೆ ತಕ್ಕ ಫಲವುಂಟೇ ಎಂದು ನಮ್ಮನ್ನು ಕೇಳುವವರಿದ್ದಾರೆ. ಪ್ರಶ್ನೆಯು ಮೇಲ್ನೋಟಕ್ಕೆ ಒಂದು ಮನೆಯ ಜಮಾಖರ್ಚಿನದಾಗಿ ಕಂಡರೂ ಅದರ ಬೇರು ಸಾರ್ವಜನಿಕ ವಿಷಯದಲ್ಲಿ ನೆಟ್ಟಿದೆ. ಆದಕಾರಣ ಅದನ್ನು ಇಲ್ಲಿ ವಿಚಾರಿಸಲು ಮನಸ್ಸು ಮಾಡಿದ್ದೇವೆ.

ಜಯನಗರಕ್ಕೂ ಹಾಕಿಗೂ ಒಂದು ವಿಚಿತ್ರವಾದ ಕಾಲಸಂಬಂಧವುಂಟು. ಶ್ರೀ ಚಕ್ರವರ್ತಿ ರಾಜಗೋಪಾಲಾಚಾರ್ಯರು ಗವರ್ನರ್ ಜನರಲ್ ಪದವಿಯಲ್ಲಿದ್ದಾಗ ಈ ಬಡಾವಣೆಗೆ ಅಸ್ತಿಭಾರವನ್ನಿಟ್ಟದ್ದು 1948ರ ಆಗಸ್ಟ್ ತಿಂಗಳಲ್ಲಿ. ಅದೇ ತಿಂಗಳ 12ರಂದು ಲಂಡನ್ನಿನ ವೆಂಬ್ಲೆ ಮೈದಾನದಲ್ಲಿ ಸ್ವತಂತ್ರ ಭಾರತದ ತಂಡವು ಬ್ರಿಟನ್ನಿನ ತಂಡವನ್ನು 4–0 ಗೋಲುಗಳಿಂದ ಸೋಲಿಸಿ ಒಲಿಂಪಿಕ್ ಸ್ವರ್ಣಪದಕವನ್ನು ಪಡೆಯಿತು. ನಮ್ಮನ್ನು ಆಳಿದವರನ್ನು ಅವರ ನೆಲದಲ್ಲಿಯೇ ಗೆದ್ದ ಆ ದಿನದ ಸಂತೋಷವನ್ನು ಹಿರಿಯರ ಬಾಯಿಂದ ಕೇಳಿದವರು ಈಗಲೂ ಇದ್ದಾರೆ. ಅಂಥ ತಿಂಗಳಲ್ಲಿ ಹುಟ್ಟಿದ ಬಡಾವಣೆಯಲ್ಲಿ ಅಗಲವಾದ ಬೀದಿಗಳಾದುವು, ಉದ್ಯಾನಗಳಾದುವು, ಆಟದ ಬಯಲುಗಳೂ ಆದುವು. ಬಯಲುಗಳೆಲ್ಲವನ್ನೂ ಕ್ರಿಕೆಟ್ಟು ಆಕ್ರಮಿಸಿತು. ಅದರ ಮೇಲೆ ನಮಗೆ ದ್ವೇಷವಿಲ್ಲ. ಮೂರು ಕಡ್ಡಿ ನೆಟ್ಟರೆ ನಡೆಯುವ ಆಟವು ಬೀದಿಬೀದಿಯಲ್ಲಿ ಹಬ್ಬುವುದು ಸಹಜವೇ ಆಗಿದೆ.

ಹಾಕಿಯೂ ಒಂದು ಕಾಲದಲ್ಲಿ ಹಾಗೆಯೇ ಇದ್ದಿತು. 1928ರಿಂದ 1956ರ ವರೆಗೆ ನಡೆದ ಆರು ಒಲಿಂಪಿಕ್ ಕೂಟಗಳಲ್ಲಿಯೂ ಭಾರತವು ಸ್ವರ್ಣವನ್ನು ಗೆದ್ದದ್ದು ಮಣ್ಣು ಮತ್ತು ಹುಲ್ಲಿನ ಬಯಲುಗಳಲ್ಲಿ ಕಲಿತ ಆಟದಿಂದ. ನಮ್ಮ ಬೆಂಗಳೂರಿನ ದಂಡುಪ್ರದೇಶದಲ್ಲಿ ಅದು ಸೈನಿಕರ ಆಟವೂ ಆಗಿತ್ತು, ಬಡವರ ಮಕ್ಕಳ ಆಟವೂ ಆಗಿತ್ತು. ಅಲ್ಲಿನ ಬ್ರಿಟ್ಟೊ ಸಹೋದರಿಯರು ಮೂವರೂ ಆಗಿನ ಮೈಸೂರು ರಾಜ್ಯದ ಮಹಿಳಾ ತಂಡದಲ್ಲಿ ಆಡಿದರು. ಅವರಲ್ಲಿ ಎಲ್ವೆರಾ ಬ್ರಿಟ್ಟೊ ಅವರ ನಾಯಕತ್ವದಲ್ಲಿ 1960ರಿಂದ 1967ರ ವರೆಗಿನ ಅವಧಿಯಲ್ಲಿ ನಮ್ಮ ರಾಜ್ಯವು ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. 1965ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ಈ ಆಟಗಾರ್ತಿಯರನ್ನು ತಯಾರು ಮಾಡಲು ಯಾರೂ ಲಕ್ಷಗಟ್ಟಲೆ ಹಣ ಸುರಿಯಲಿಲ್ಲ.

ಹಾಗಾದರೆ ಈಗೇಕೆ ಸುರಿಯಬೇಕು? ಉತ್ತರವು 1976ರಲ್ಲಿದೆ. ಆ ವರ್ಷ ಮಾಂಟ್ರಿಯಾಲಿನಲ್ಲಿ ಒಲಿಂಪಿಕ್ ಹಾಕಿಯನ್ನು ಮೊತ್ತಮೊದಲು ಕೃತಕ ಹುಲ್ಲುಹಾಸಿನ ಮೇಲೆ ಆಡಿಸಲಾಯಿತು. 1928ರಿಂದ ಒಂದು ಬಾರಿಯೂ ಪದಕವಿಲ್ಲದೆ ಹಿಂದಿರುಗದಿದ್ದ ಭಾರತವು ಏಳನೆಯ ಸ್ಥಾನಕ್ಕೆ ಇಳಿಯಿತು. ಮಣ್ಣಿನ ಮೇಲೆ ಚೆಂಡು ಪುಟಿಯುತ್ತದೆ, ಅದನ್ನು ಕೋಲಿನ ತುದಿಯಲ್ಲಿ ಕುಣಿಸುತ್ತ ಒಯ್ಯುವ ಕೈಚಳಕವೇ ಪ್ರಧಾನ. ಟರ್ಫಿನ ಮೇಲಾದರೋ ಚೆಂಡು ನೆಲಕ್ಕಂಟಿ ಬಾಣದಂತೆ ಓಡುತ್ತದೆ. ಓಟದ ವೇಗ, ದೇಹದ ಕಸುವು, ಪೆನಾಲ್ಟಿ ಕಾರ್ನರಿನ ಹೊಡೆತ ಇವು ಪ್ರಧಾನವಾಗುತ್ತವೆ. ಒಂದರಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ತಡವರಿಸುತ್ತದೆ. ಈ ಟರ್ಫನ್ನು ಹಾಸಲು ಕೋಟಿಗಳ ಲೆಕ್ಕದಲ್ಲಿ ಹಣ ಬೇಕು. ದೊಡ್ಡ ಪಂದ್ಯಗಳ ಮಟ್ಟದ ಹಾಸಾದರೆ ಆಟಕ್ಕೆ ಮುನ್ನ ಅದನ್ನು ನೀರಿನಿಂದ ತೋಯಿಸಬೇಕು. ಬೇಸಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರುಗಳನ್ನು ಕಾಯುವ ಈ ನಗರದಲ್ಲಿ ಅದೇನೂ ಸಣ್ಣ ಮಾತಲ್ಲ. ಎಂಟು ಹತ್ತು ವರ್ಷಗಳಲ್ಲಿ ಅದು ಸವೆದು ಹೋಗಿ ಮತ್ತೆ ಹೊಸದನ್ನು ಹಾಸಬೇಕಾಗುತ್ತದೆ. ಆದುದರಿಂದ ಶುಲ್ಕ ಹೆಚ್ಚೆಂಬ ಒಂದೇ ಕಾರಣದಿಂದ ಅಕಾಡೆಮಿಯವರನ್ನು ಸುಲಿಗೆಗಾರರೆಂದು ಜರೆಯುವುದು ನ್ಯಾಯವಲ್ಲ. ಟರ್ಫಿನ ಬಾಡಿಗೆ, ಶಿಕ್ಷಕರ ಸಂಬಳ, ಗೋಲಿಯ ಕವಚಗಳು ಯಾರ ಮನೆಯಲ್ಲಿಯೂ ಬಿಟ್ಟಿಯಾಗಿ ಬರತಕ್ಕವಲ್ಲ.

ಈಗ ತಂದೆಯ ಲೆಕ್ಕವನ್ನು ನೋಡೋಣ. ತಿಂಗಳಿಗೆ 10,000 ರೂಪಾಯಿಗಳು ಹೋಗುತ್ತವೆಂದು ಇಟ್ಟುಕೊಂಡರೆ ಹತ್ತನೆಯ ವಯಸ್ಸಿನಿಂದ ಹದಿನೇಳರ ವರೆಗಿನ ಏಳು ವರ್ಷಗಳಲ್ಲಿ 8 ಲಕ್ಷ 40 ಸಾವಿರವಾಯಿತು. ಕೋಲು, ಬೂಟು, ಹೊರ ಊರಿನ ಪಂದ್ಯಗಳ ಪ್ರಯಾಣ ಇವು ಬೇರೆ. ಕಾಲದ ಲೆಕ್ಕವಂತೂ ಇನ್ನೂ ಕಠಿನ. ರಾಜ್ಯದ ಹಾಕಿ ಕ್ರೀಡಾಂಗಣವು ಶಾಂತಿನಗರದ ಬಳಿಯ ಅಕ್ಕಿತಿಮ್ಮನಹಳ್ಳಿಯಲ್ಲಿದೆ. ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವು ಜ್ಞಾನಭಾರತಿಯ ಕಡೆಗಿದೆ. ಜಯನಗರದ ಬಾಲಕನು ಅತ್ತ ಹೋಗಬೇಕಾದರೆ ಹಸಿರು ಮಾರ್ಗದ ಮೆಟ್ರೋ ಏರಿ ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಳ್ಳಬೇಕು. ಎರಡು ಗಂಟೆಯ ಅಭ್ಯಾಸಕ್ಕೆ ಅಷ್ಟೇ ಕಾಲದ ದಾರಿ. ಜತೆಗೆ ಹೋಗುವ ತಾಯಿಯ ಅಥವಾ ತಾತನ ವೇಳೆಯನ್ನು ಯಾವ ಅಕಾಡೆಮಿಯೂ ರಸೀತಿಯಲ್ಲಿ ಬರೆಯುವುದಿಲ್ಲ.

ಇಷ್ಟು ವೆಚ್ಚಕ್ಕೆ ಪ್ರತಿಫಲವೇನು? ಒಲಿಂಪಿಕ್ ತಂಡದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಸ್ಥಾನ ಸಿಕ್ಕುವುದು ದೇಶಕ್ಕೆಲ್ಲ ಹದಿನಾರು ಮಂದಿಗೆ. 2013ರಲ್ಲಿ ಆರಂಭವಾಗಿ 2017ರ ನಂತರ ನಿಂತು, 2024ರ ಡಿಸೆಂಬರಿನಲ್ಲಿ ಪುನಃ ಪ್ರಾರಂಭವಾದ ಹಾಕಿ ಇಂಡಿಯಾ ಲೀಗಿನಲ್ಲಿ ಕೆಲವರಿಗೆ ಲಕ್ಷಗಟ್ಟಲೆ ಸಂಭಾವನೆ ಸಿಕ್ಕಿರುವುದು ನಿಜ. ಆದರೆ ಹಾಗೆ ಪುನರಾರಂಭವಾದಾಗ ಅದರಲ್ಲಿ ಕರ್ನಾಟಕದ ಹೆಸರಿನ ತಂಡವೊಂದೂ ಇರಲಿಲ್ಲ. ರೈಲ್ವೆ, ತೈಲ ಕಂಪೆನಿಗಳು, ಸೈನ್ಯ ಇವುಗಳಲ್ಲಿ ಆಟಗಾರರಿಗೆ ಉದ್ಯೋಗವುಂಟು. ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ಕ್ರೀಡಾ ಕೋಟಾದ ಕೆಲವು ಸ್ಥಾನಗಳುಂಟು. ಈ ಬಾಗಿಲುಗಳೆಲ್ಲವೂ ರಾಜ್ಯಮಟ್ಟವನ್ನೋ ರಾಷ್ಟ್ರಮಟ್ಟವನ್ನೋ ದಾಟಿ ಬಂದವರಿಗೆ ತೆರೆಯತಕ್ಕವು. ಹಣ ಹೂಡಿ ಹಣ ತೆಗೆಯುವ ದೃಷ್ಟಿಯಿಂದ ನೋಡುವ ತಂದೆಗೆ, ಅಂಚೆ ಕಚೇರಿಯ ಉಳಿತಾಯ ಪತ್ರವೇ ಮೇಲೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ.

ಆದರೆ ನಮ್ಮ ಮುಖ್ಯ ಆಕ್ಷೇಪವು ಬೇರೆಯೇ ಇದೆ. ದುಬಾರಿ ಶುಲ್ಕವೇ ಉತ್ತಮ ಆಟಗಾರನನ್ನು ತಯಾರು ಮಾಡುತ್ತದೆಂಬ ನಂಬಿಕೆಗೆ ಈ ದೇಶದ ಅನುಭವದಲ್ಲಿ ಆಧಾರ ಕಡಮೆ. ಟೋಕಿಯೋ ಕೂಟದಲ್ಲಿ, ಅಂದರೆ 2021ರಲ್ಲಿ, ಭಾರತಕ್ಕೆ 41 ವರ್ಷಗಳ ಮೇಲೆ ಪದಕ ತಂದ ತಂಡದಲ್ಲಿ ಹಲವರು ಪಂಜಾಬಿನವರು. ಅವರಲ್ಲಿ ಅನೇಕರನ್ನು ಬೆಳೆಸಿದ ಜಲಂಧರದ ಸುರ್ಜಿತ್ ಅಕಾಡೆಮಿಯು ಸರ್ಕಾರದ ಆಶ್ರಯದಲ್ಲಿ ನಡೆಯತಕ್ಕದ್ದು. ಒಡಿಶಾದ ಸುಂದರಗಢ ಜಿಲ್ಲೆಯ ಆದಿವಾಸಿ ಹಳ್ಳಿಗಳ ಮಕ್ಕಳು ಪಾನ್‌ಪೋಷಿನ ಸರ್ಕಾರಿ ಕ್ರೀಡಾ ವಸತಿ ನಿಲಯದಲ್ಲಿ ಉಂಡು, ಓದಿ, ಆಡಿ ದೇಶದ ತಂಡಕ್ಕೆ ಬಂದರು. ಅದೇ ಟೋಕಿಯೋದಲ್ಲಿ ನಾಲ್ಕನೆಯ ಸ್ಥಾನ ಪಡೆದ ಮಹಿಳಾ ತಂಡದ ನಾಯಕಿ ರಾಣಿ ರಾಂಪಾಲ್ ಅವರು ಹರಿಯಾಣದ ಶಾಹಾಬಾದಿನಲ್ಲಿ ಗಾಡಿ ಎಳೆಯುವವರ ಮಗಳು. ನಮ್ಮ ಸೋಮವಾರಪೇಟೆಯ ಎಸ್. ವಿ. ಸುನಿಲರ ತಂದೆಯವರು ಬಡಗಿ ಕೆಲಸದವರು; ಬಾಲ್ಯದಲ್ಲಿ ಕೋಲು ಕೊಳ್ಳಲು ಹಣವಿಲ್ಲದೆ ಬಿದಿರಿನ ಕೋಲಿನಿಂದ ಆಡಿದ ಆ ಹುಡುಗನು 2016ರಲ್ಲಿ ಏಷ್ಯಾದ ವರ್ಷದ ಆಟಗಾರನೆನಿಸಿದನು. ಇವರೆಲ್ಲರ ಕೈಗೆ ಕೋಲು ಕೊಟ್ಟದ್ದು ಊರು, ಸರ್ಕಾರ ಮತ್ತು ಒಬ್ಬಿಬ್ಬರು ನಿಷ್ಠಾವಂತ ಶಿಕ್ಷಕರು.

ಕೊಡಗಿನ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಮೊದಲಾದವರ ಹೆಸರುಗಳನ್ನು ತಿಳಿಯದ ಕ್ರೀಡಾಪ್ರಿಯನು ಕನ್ನಡನಾಡಿನಲ್ಲಿ ಇರಲಾರನು. ಅಲ್ಲಿ ಪಾಂಡಂಡ ಕುಟ್ಟಪ್ಪ ಎಂಬ ಮಹನೀಯರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಅಂದು ಸೇರಿದ್ದು 60 ಕುಟುಂಬಗಳ ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕೂಟಕ್ಕೆ 360 ಕುಟುಂಬಗಳು ತಂಡ ಕಳುಹಿಸಿದುವು. ತಾತನೂ ಮೊಮ್ಮಗಳೂ ಒಂದೇ ತಂಡದಲ್ಲಿ ಕೋಲು ಹಿಡಿಯುವ ಆ ಬಯಲಿನಲ್ಲಿ ಶುಲ್ಕದ ಮಾತೇ ಇಲ್ಲ. ಮಗುವು ಆಟವನ್ನು ಮೊದಲು ನೋಡುವುದು, ಪ್ರೀತಿಸುವುದು, ಅನುಕರಿಸುವುದು ಇಂಥಲ್ಲಿ. ಆ ಮೇಲೆ ಕೂಡಿಗೆ, ಪೊನ್ನಂಪೇಟೆ, ಮಡಿಕೇರಿಗಳಲ್ಲಿರುವ ಸರ್ಕಾರಿ ಕ್ರೀಡಾಶಾಲೆ, ವಸತಿ ನಿಲಯಗಳು ಅದನ್ನು ಕೈಗೆತ್ತಿಕೊಳ್ಳುತ್ತವೆ.

ಇಷ್ಟಾದರೂ ನಮ್ಮ ನಾಡು ಹಿಂದೆ ಬಿದ್ದಿದೆಯೆಂಬುದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. 2016ರ ರಿಯೋ ಒಲಿಂಪಿಕ್ ಕೂಟದ ಹದಿನಾರು ಮಂದಿಯಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕಿನ್ ತಿಮ್ಮಯ್ಯ ಹೀಗೆ ನಾಲ್ವರು ನಮ್ಮವರಿದ್ದರು. ತಂಡದ ಕಾಲುಪಾಲು ಕರ್ನಾಟಕದ್ದು. ಟೋಕಿಯೋದ ತಂಡದಲ್ಲಿ ಒಬ್ಬರೂ ಇಲ್ಲ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೊಂದು ಕಂಚು ಬಂದಾಗಲೂ ಒಬ್ಬರೂ ಇಲ್ಲ. ಬೆಂಗಳೂರಿನ ಮೊಹಮ್ಮದ್ ರಾಹೀಲ್ ಅವರು ಈಚೆಗೆ ದೇಶದ ತಂಡದಲ್ಲಿ ಆಡಿರುವುದು ಸಮಾಧಾನದ ಸಂಗತಿ, ಆದರೆ ಅಷ್ಟರಿಂದ ತೃಪ್ತಿಪಡುವಂತಿಲ್ಲ. ಇನ್ನೂ ವಿಷಾದಕರವಾದ ವಿಷಯವೆಂದರೆ, ಈ ಎರಡು ಪದಕಗಳನ್ನು ತಂದ ತಂಡಗಳು ಒಲಿಂಪಿಕ್ಕಿಗೆ ತಯಾರಾದದ್ದು ಇದೇ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಮನೆಯಂಗಳದಲ್ಲಿ ಅಡುಗೆ, ಪಂಕ್ತಿಯಲ್ಲಿ ನಮ್ಮವರಿಲ್ಲ! ಇದೇ ಅವಧಿಯಲ್ಲಿ ಒಡಿಶಾ ಸರ್ಕಾರವು 2018ರಿಂದ ರಾಷ್ಟ್ರೀಯ ತಂಡಗಳ ಪೋಷಣೆಯನ್ನೇ ವಹಿಸಿಕೊಂಡು, 2023ರ ವಿಶ್ವಕಪ್ಪಿಗಾಗಿ ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣವನ್ನು ಕಟ್ಟಿ ಮುಗಿಸಿತು.

ಸರ್ಕಾರದವರು ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಖೇಲೋ ಇಂಡಿಯಾ ಯೋಜನೆಯನ್ನು 2018ರಲ್ಲಿ ಸಾರಿದಾಗ, ಕೇಂದ್ರ ಸರ್ಕಾರದವರು ಪ್ರತಿವರ್ಷವೂ ವಿವಿಧ ಆಟಗಳಿಂದ ಆಯ್ದ 1,000 ಮಂದಿ ಕಿರಿಯರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳಂತೆ ಎಂಟು ವರ್ಷಗಳ ನೆರವನ್ನು ಘೋಷಿಸಿದರು. ಈ ಅಂಕಿಯು ನಮಗೆ ಎರಡು ಸಂಗತಿಗಳನ್ನು ತಿಳಿಸುತ್ತದೆ. ಒಬ್ಬ ಬಾಲಕನನ್ನು ಉನ್ನತ ಮಟ್ಟಕ್ಕೆ ತರುವ ನಿಜವಾದ ಖರ್ಚು ಎಷ್ಟೆಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಅದನ್ನು ಮಧ್ಯಮ ವರ್ಗದ ತಂದೆಯೊಬ್ಬನು ತನ್ನ ಸಂಬಳದಿಂದ ಭರಿಸಲಾರನು. ಎರಡನೆಯದಾಗಿ, ನಿಜವಾದ ಪ್ರತಿಭೆಯುಳ್ಳವನಿಗೆ ಆ ಖರ್ಚನ್ನು ಹೊರುವ ದಾರಿ ಮನೆಯ ಹೊರಗೆ ಉಂಟು. ಹೀಗಿರಲು ಆಯ್ಕೆಯ ಪರೀಕ್ಷೆಗಳಿಗೆ ಮಗನನ್ನು ಕಳುಹಿಸದೆ ಶುಲ್ಕದ ರಸೀತಿಗಳನ್ನೇ ಕೂಡಿಡುವುದು ಜಾಣತನವಲ್ಲ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಿರಿಯ ಹಾಗೂ ಹಿರಿಯ ವಸತಿ ನಿಲಯಗಳಿಗೆ ಆಯ್ಕೆ ನಡೆಯುತ್ತದೆಂಬ ಸಂಗತಿಯೇ ಜಯನಗರದ ಎಷ್ಟೋ ಮನೆಗಳಿಗೆ ಮುಟ್ಟಿಲ್ಲವೆಂದು ನಮಗೆ ತೋರುತ್ತದೆ. ಮುಟ್ಟಿದ್ದರೂ, ಮಗನನ್ನು ಸರ್ಕಾರಿ ನಿಲಯಕ್ಕೆ ಕಳುಹಿಸುವುದು ಅಂತಸ್ತಿಗೆ ಕಡಮೆಯೆಂಬ ಭಾವನೆಯೂ ಕೆಲವರಲ್ಲಿ ಇಲ್ಲದಿಲ್ಲ.

ಆದರೆ ಎಲ್ಲ ಅಕಾಡೆಮಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಭಾರತ ತಂಡದ ನಾಯಕರಾಗಿದ್ದ ಜೂಡ್ ಫೆಲಿಕ್ಸ್ ಅವರು 2009ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಕಾಡೆಮಿಯು ಅನಾಥಾಲಯದ ಬಾಲಕರಿಗೆ ಆಟ ಕಲಿಸುವುದರಿಂದ ಕೆಲಸವನ್ನು ಆರಂಭಿಸಿತು. 2020ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ದೊರೆಯಿತು. ಖಾಸಗಿ ಸಂಸ್ಥೆಯೂ ಸಾರ್ವಜನಿಕ ಕಾರ್ಯವನ್ನು ಮಾಡಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಮಗುವಿಗೆ ಹನ್ನೆರಡು ವರ್ಷ ತುಂಬುವ ಮುನ್ನ ದುಬಾರಿ ಅಕಾಡೆಮಿಯ ಅಗತ್ಯವಿಲ್ಲವೆಂಬುದು ನಮ್ಮ ಅಭಿಪ್ರಾಯ. ಆ ವಯಸ್ಸಿನಲ್ಲಿ ಓಟ, ಕೈಕಣ್ಣುಗಳ ಹೊಂದಿಕೆ, ನಾಲ್ಕಾರು ಗೆಳೆಯರೊಡನೆ ಸಣ್ಣ ಜಾಗದಲ್ಲಿ ಚೆಂಡನ್ನು ಮತ್ತೆ ಮತ್ತೆ ಮುಟ್ಟುವ ಅವಕಾಶ ಇಷ್ಟು ಸಾಕು. ಅದಕ್ಕೆ ಶಾಲಿನಿ ಮೈದಾನದ ಒಂದು ಮೂಲೆಯೂ ಆದೀತು. ಅನಂತರ ಆಸಕ್ತಿಯು ನಿಂತುದೆಂದು ಕಂಡರೆ, ಮತ್ತು ಕೊಡುವ ಹಣವು ಸಾಲದ ಹಣವಲ್ಲದಿದ್ದರೆ, ಟರ್ಫಿನ ಅಭ್ಯಾಸಕ್ಕೆ ಶುಲ್ಕ ತೆರುವುದು ಅನುಚಿತವಲ್ಲ. ಸಂಗೀತಕ್ಕೆ ತೆರುವಂತೆ, ವಿದ್ಯೆಯ ಬೆಲೆಯೆಂದು ತೆರಬೇಕು. ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಲು ನಾಚಬಾರದು. ವಾರಕ್ಕೆ ಎಷ್ಟು ಗಂಟೆ ನಿಜವಾಗಿಯೂ ಟರ್ಫಿನ ಮೇಲೆ? ಒಬ್ಬ ಶಿಕ್ಷಕನಿಗೆ ಎಷ್ಟು ಮಕ್ಕಳು? ಜಾಹೀರಾತಿನಲ್ಲಿ ಹೆಸರಿರುವ ಹಿರಿಯ ಆಟಗಾರನು ಮೈದಾನಕ್ಕೆ ಬರುತ್ತಾನೆಯೆ, ಅಥವಾ ಭಾವಚಿತ್ರದಲ್ಲಿ ಮಾತ್ರ ಇದ್ದಾನೆಯೆ? ವರ್ಷಕ್ಕೆ ಎಷ್ಟು ಪಂದ್ಯಗಳು? ಹಾಕಿ ಇಂಡಿಯಾ ಸಂಸ್ಥೆಯವರು ಅಕಾಡೆಮಿಗಳಿಗಾಗಿಯೇ ರಾಷ್ಟ್ರೀಯ ಪಂದ್ಯಾವಳಿಗಳನ್ನು ನಡೆಸುತ್ತಾರೆ. ಅದರಲ್ಲಿ ಆಡುವ ಅರ್ಹತೆ ಈ ಸಂಸ್ಥೆಗಿದೆಯೆ? ಹಣವಿಲ್ಲದ ಮಕ್ಕಳಿಗೆ ಎಷ್ಟು ಸ್ಥಾನಗಳನ್ನು ಬಿಟ್ಟಿದ್ದಾರೆ? ಕೊನೆಯ ಪ್ರಶ್ನೆಯು ದಾನಧರ್ಮದ್ದೆಂದು ಭಾವಿಸಬೇಡಿರಿ. ಹಣವುಳ್ಳವರು ಮಾತ್ರ ಆಡುವಲ್ಲಿ ಸ್ಪರ್ಧೆಯು ಸಪ್ಪೆಯಾಗುತ್ತದೆ. ಅಂಥಲ್ಲಿ ನಿಮ್ಮ ಮಗನು ಕಲಿಯುವುದೂ ಕಡಮೆಯೇ.

ಅಧಿಕಾರಿಗಳಿಗೂ ಒಂದು ಮಾತು. ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಶಾಲಾಮಕ್ಕಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಟರ್ಫು ಬೇಕು. ಪೂರ್ಣ ಅಳತೆಯದೇ ಆಗಬೇಕೆಂದಿಲ್ಲ, ಐದೈದು ಮಂದಿ ಆಡುವ ಸಣ್ಣ ಅಳತೆಯದಾದರೂ ಆರಂಭಕ್ಕೆ ಸಾಕು. ನೀರು ಬೇಡದ, ಮರಳು ತುಂಬಿದ ಬಗೆಯೂ ಉಂಟು. ನಗರಾಡಳಿತದವರೂ ಕ್ರೀಡಾ ಇಲಾಖೆಯವರೂ ಕೂಡಿ ಸ್ಥಳವನ್ನು ಗೊತ್ತುಮಾಡಲಿ. ಅದು ಆಗುವ ತನಕ ಶಾಂತಿನಗರದ ಕ್ರೀಡಾಂಗಣದಲ್ಲಿ ಬೆಳಗಿನ 6ರಿಂದ 8ರ ವರೆಗೆ ವಾರದಲ್ಲಿ ಮೂರು ದಿನವಾದರೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಬಾಡಿಗೆಯಿಲ್ಲದೆ ಅವಕಾಶ ದೊರಕುವಂತೆ ಸಂಬಂಧಪಟ್ಟವರು ಏರ್ಪಡಿಸಲಿ. ಆ ವೇಳಾಪಟ್ಟಿಯನ್ನು ಶಾಲೆಗಳಿಗೆ ಜೂನ್ ತಿಂಗಳಿಗೆ ಮುಂಚೆಯೇ ಕಳುಹಿಸಿಕೊಡಲಿ.