ಕುಂಭಾರವಾಡ: ಹೆಸರು ಮತ್ತು ನೆಲ

ಓಣಿಗಳಿಗೆ ಕಸುಬಿನ ಹೆಸರನ್ನಿಡುವುದು ಭಾರತದ ಹಳೆಯ ವಾಡಿಕೆ. ಕನ್ನಡ ನಾಡಿನ ಊರುಗಳಲ್ಲಿ ಕುಂಬಾರ ಓಣಿ, ಕುಂಬಾರಗೇರಿ, ಕುಂಬಾರಪೇಟೆಗಳಿರುವಂತೆ ಮಹಾರಾಷ್ಟ್ರದ ಊರುಗಳಲ್ಲಿ ಕುಂಭಾರವಾಡವೆಂಬ ಹೆಸರು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಆದರೆ ಹೆಸರು ಉಳಿದಲ್ಲೆಲ್ಲ ಕಸುಬು ಉಳಿದಿರುತ್ತದೆಂದು ಹೇಳುವಂತಿಲ್ಲ. ದಕ್ಷಿಣ ಮುಂಬಯಿಯಲ್ಲಿ ಗಿರಗಾಂವಿನ ಉತ್ತರಕ್ಕೆ ಇಂದಿಗೂ ಕುಂಭಾರವಾಡವೆಂಬ ಬೀದಿಗಳುಂಟು. ಅಲ್ಲಿ ತಿಗುರಿ ತಿರುಗುವುದು ಮಾತ್ರ ಕಾಣದು. ಹೆಸರೂ ಕಸುಬೂ ಒಂದೆಡೆ ಕೂಡಿ ಬದುಕಿರುವುದನ್ನು ನೋಡಬೇಕೆನ್ನುವವರು ಧಾರಾವಿಯ ಕುಂಭಾರವಾಡಕ್ಕೆ ಹೋಗಬೇಕು. ಕಲ್ಯಾಣ, ಡೊಂಬಿವಲಿ, ಠಾಣೆಗಳ ಕನ್ನಡಿಗರಿಗೆ ಅದೇನೂ ದೂರದ ಸ್ಥಳವಲ್ಲ. ದಿನವೂ ಲೋಕಲ್ ಗಾಡಿಯಲ್ಲಿ ಅದರ ಪಕ್ಕದಿಂದಲೇ ಹಾದುಹೋಗುವವರು ಅವರಲ್ಲಿ ಸಾವಿರಾರು ಮಂದಿ. ವೇಗದ ಗಾಡಿಗಳು ಸಾಯನ್ ನಿಲ್ದಾಣದಲ್ಲಿ ನಿಲ್ಲದಿರುವುದರಿಂದ ಅದು ಕಣ್ಣಿಗೆ ಬಿದ್ದೂ ಬೀಳದಂತಾಗಿದೆ, ಅಷ್ಟೆ.

ಸಾಯನ್ ಎಂಬುದು ಮರಾಠಿಯ 'ಶೀವ್' ಎಂಬ ಮಾತಿನ ಆಂಗ್ಲರೂಪ. ಶೀವ್ ಎಂದರೆ ಗಡಿ, ಎಲ್ಲೆ. ಮುಂಬಯಿ ದ್ವೀಪದ ಸೀಮೆ ಮುಗಿದು ಸಾಷ್ಟಿಯ ಸೀಮೆ ಆರಂಭವಾಗುತ್ತಿದ್ದ ಎಡೆ. ಈ ಅರ್ಥವನ್ನು ನೆನಪಿನಲ್ಲಿಟ್ಟುಕೊಂಡರೆ ಕುಂಬಾರರು ಇಲ್ಲಿಗೆ ಬಂದ ಬಗೆ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸೌರಾಷ್ಟ್ರದಿಂದ ಹೊಟ್ಟೆಪಾಡಿಗಾಗಿ ಹೊರಟ ಕುಂಬಾರ ಕುಟುಂಬಗಳು ಮೊದಲು ನೆಲೆಸಿದ್ದು ಊರ ದಕ್ಷಿಣ ಭಾಗದಲ್ಲಿ. ನಗರ ಬೆಳೆದಂತೆ ಹೊಗೆಯ ಕಸುಬಿನವರಿಗೆ ಅಲ್ಲಿ ಎಡೆಯಿಲ್ಲದಾಯಿತು. ಹೀಗೆ ಎತ್ತಂಗಡಿಯಾದ ಅವರಿಗೆ 1930ರ ದಶಕದಲ್ಲಿ ಧಾರಾವಿಯಲ್ಲಿ ಜಾಗ ದೊರೆಯಿತು. ಆಗ ಧಾರಾವಿಯೆಂದರೆ ಕೋಳಿಗಳೆಂಬ ಬೆಸ್ತರ ಹಳ್ಳಿ, ಜೌಗುನೆಲ, ತಮಿಳುನಾಡಿನಿಂದ ಬಂದವರ ತೊಗಲು ಹದಮಾಡುವ ಕಾರ್ಖಾನೆಗಳು. ಊರಿಗೆ ಬೇಕಾದರೂ ಊರೊಳಗೆ ಬೇಡವಾದ ಕಸುಬುಗಳನ್ನೆಲ್ಲ ಎಲ್ಲೆಯ ಮೇಲೆ ತಂದಿರಿಸಿದಂತಿತ್ತು. ಇಂದು ಆ ಎಲ್ಲೆಯೇ ಮಹಾನಗರದ ನಡುಮಧ್ಯವಾಗಿದೆ. ಬಾಂದ್ರಾ–ಕುರ್ಲಾ ಸಂಕೀರ್ಣದ ಬ್ಯಾಂಕುಗಳ ಸೌಧಗಳು ಕೂಗಳತೆಯಲ್ಲಿವೆ.

ಸಾಯನ್ನಿನಲ್ಲಿಳಿದು ಪಶ್ಚಿಮಕ್ಕೆ ನಡೆದು ತೊಂಬತ್ತು ಅಡಿ ರಸ್ತೆಯನ್ನು ಹಿಡಿದರೆ ಮೊದಲು ಕಾಣುವುದು ಅಂಗಡಿಗಳ ಸಾಲು. ನೀರಿನ ಮಡಕೆ, ಹೂವಿನ ಕುಂಡ, ಹಣತೆ, ಮೊಸರಿನ ಕುಡಿಕೆ, ಧೂಪದ ಪಾತ್ರೆಗಳು ಆಳೆತ್ತರಕ್ಕೆ ಪೇರಿಸಿರುತ್ತವೆ. ಇದು ಕುಂಭಾರವಾಡದ ಮುಖವೇ ಹೊರತು ಒಡಲಲ್ಲ. ಅಂಗಡಿಗಳ ನಡುವಿನ ಓಣಿಯನ್ನು ಹೊಕ್ಕಾಗಲೇ ಅದರ ರಚನೆ ತಿಳಿಯುವುದು. ಮನೆಗಳು ಉದ್ದುದ್ದವಾಗಿವೆ. ಒಂದು ಬದಿಯಲ್ಲಿ ಮಾರಾಟ, ನಡುವೆ ವಾಸ, ಇನ್ನೊಂದು ಬದಿಯಲ್ಲಿ ಕೆಲಸ. ಮನೆಯ ಹಿಂದೆ ತೆರಪಾದ ಅಂಗಳ. ಅಂಗಳದ ನಡುವೆ ಹಲವು ಮನೆಗಳಿಗೆ ಸೇರಿದ ಇಟ್ಟಿಗೆಯ ಆವಿಗೆ. ಸುಮಾರು 12–13 ಎಕರೆಯ ಈ ನೆಲದಲ್ಲಿ ಸಾವಿರಕ್ಕೂ ಮಿಕ್ಕಿದ ಕುಟುಂಬಗಳಿವೆ. ಎಲ್ಲರೂ ಈಗ ಮಣ್ಣನ್ನು ಮುಟ್ಟುವವರಲ್ಲ. ಕೆಲವರು ನೌಕರಿಗೆ ಹೋಗುತ್ತಾರೆ, ಕೆಲವರು ಬರಿಯ ವ್ಯಾಪಾರಿಗಳು. ಆದರೂ ಓಣಿಯ ಬಾಳು ನಡೆಯುವುದು ಮಣ್ಣಿನ ಗತಿಯನ್ನನುಸರಿಸಿಯೇ.

ಆ ಗತಿ ಎಂಥದೆಂಬುದನ್ನು ಸ್ವಲ್ಪ ವಿವರಿಸಬೇಕು. ಲಾರಿಯಲ್ಲಿ ಬಂದ ಮಣ್ಣನ್ನು ಒಡೆದು, ಕಲ್ಲು ಬೇರುಗಳನ್ನು ಆರಿಸಿ, ನೀರಿನಲ್ಲಿ ನೆನೆಯಿಟ್ಟು, ಕಾಲಿನಿಂದ ತುಳಿದು ಹದಮಾಡುತ್ತಾರೆ. ಈಚೆಗೆ ಈ ಕೆಲಸಕ್ಕೆ ಯಂತ್ರವೂ ಬಂದಿದೆ. ತಿಗುರಿಯೂ ಈಗ ಬಹುಮಟ್ಟಿಗೆ ವಿದ್ಯುತ್ತಿನದೇ. ಆದರೆ ತಿಗುರಿಯಿಂದ ಇಳಿದೊಡನೆ ಗಡಿಗೆ ಪೂರ್ತಿಯಾಯಿತೆಂದು ತಿಳಿಯುವುದು ತಪ್ಪು. ದೊಡ್ಡ ಮಡಕೆಯನ್ನು ತಿಗುರಿಯ ಮೇಲೆ ದಪ್ಪವಾಗಿ, ಕಿರಿದಾಗಿಯೇ ಎತ್ತುತ್ತಾರೆ. ಅದು ಅರೆಯೊಣಗಿದ ಮೇಲೆ ಒಳಗೆ ಒಂದು ಗುಂಡುಕಲ್ಲನ್ನು ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಗೋಡೆಯನ್ನು ತೆಳುವಾಗಿಸಿ ಹೊಟ್ಟೆಯನ್ನು ಹಿಗ್ಗಿಸುತ್ತಾರೆ. ಕುಂಬಾರನ ಜಾಣ್ಮೆಯೆಲ್ಲ ಇರುವುದು ಈ ತಟ್ಟುವಿಕೆಯಲ್ಲಿ. ಪೆಟ್ಟು ಹೆಚ್ಚಾದರೆ ಬಿರುಕು, ಕಡಿಮೆಯಾದರೆ ಗೋಡೆ ದಪ್ಪ.

ಮುಂದಿನದು ಒಣಗಿಸುವ ಕೆಲಸ. ಇದಕ್ಕೆ ಬೇಕಾದುದು ನೆರಳು, ಗಾಳಿ, ಬಿಸಿಲು, ಎಲ್ಲಕ್ಕೂ ಮಿಗಿಲಾಗಿ ಜಾಗ. ಮಣ್ಣಿನೊಳಗೆ ನೀರು ಉಳಿದಿರುವಾಗಲೇ ಬೆಂಕಿಗಿಟ್ಟರೆ ಅದು ಆವಿಯಾಗಿ ಮಡಕೆಯನ್ನು ಸಿಡಿಸುತ್ತದೆ. ಒಣಗಿದ ಮಡಕೆಗಳನ್ನು ಆವಿಗೆಯಲ್ಲಿ ಒಂದರ ಮೇಲೊಂದು ಜೋಡಿಸಿ, ಮೇಲೆ ಹೆಂಚಿನ ಚೂರುಗಳನ್ನೂ ಬೂದಿಯನ್ನೂ ಮುಚ್ಚಿ, ಅಡಿಯಿಂದ ಬೆಂಕಿ ಕೊಡುತ್ತಾರೆ. ಸೌದೆ ದುಬಾರಿಯಾದ ನಗರದಲ್ಲಿ ಹತ್ತಿಯ ಗಸಿ, ಚಿಂದಿ ಬಟ್ಟೆ, ಮರದ ಹೊಟ್ಟುಗಳೇ ಉರುವಲು. ಶಾಖವು ಸುಮಾರು 500–600 ಡಿಗ್ರಿಯನ್ನು ಮುಟ್ಟುವಾಗ ಮಣ್ಣಿನ ಕಣಗಳಲ್ಲಿ ಬೆರೆತ ನೀರೂ ಬಿಟ್ಟುಹೋಗುತ್ತದೆ. ಅಲ್ಲಿಂದಾಚೆಗೆ ಅದು ಮತ್ತೆ ಕೆಸರಾಗದು. ಗಾಳಿ ಯಥೇಷ್ಟವಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ತುಂಬಿದರೆ ಮಡಕೆ ಕಪ್ಪಾಗುತ್ತದೆ. 1947ರಲ್ಲಿ ವ್ಹೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಸಮಾಧಿಗಳ ಕಾಲದ ಕಪ್ಪು-ಕೆಂಪು ಮಡಕೆಗಳು ದೊರೆತವಷ್ಟೆ. ಒಂದೇ ಪಾತ್ರೆಯಲ್ಲಿ ಎರಡು ಬಣ್ಣವನ್ನು ತರಿಸಿದ ಆ ಪ್ರಾಚೀನರು ಬೆಂಕಿಯ ಈ ಗುಟ್ಟನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಹೀಗೆ ಹದವಾದ ಬೆಂಕಿಯಲ್ಲಿ ಬೆಂದ ಮಡಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ಒಸರಿದ ನೀರು ಹೊರಮೈಯಲ್ಲಿ ಆವಿಯಾಗುವಾಗ ಪ್ರತಿ ಗ್ರಾಮಿಗೆ ಸುಮಾರು 580 ಕ್ಯಾಲರಿ ಶಾಖವನ್ನು ಹೀರಿಕೊಳ್ಳುತ್ತದೆ; ಒಳಗಿನ ನೀರು ತಣ್ಣಗಾಗುತ್ತದೆ. ವಿಜಯಪುರ, ಕಲಬುರಗಿಗಳ ಒಣಗಾಳಿಯಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗುವುದಕ್ಕೂ, ಅದೇ ಮಡಕೆಯನ್ನು ಡೊಂಬಿವಲಿಯ ಮನೆಯಲ್ಲಿಟ್ಟಾಗ ಅಷ್ಟು ತಂಪು ಕೊಡದಿರುವುದಕ್ಕೂ ಕಾರಣವಿಷ್ಟೇ: ಕೊಂಕಣದ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ದೋಷ ಕುಂಬಾರನದಲ್ಲ.

ಈ ಓಣಿಗಳಲ್ಲಿ ಕಿವಿಗೆ ಬೀಳುವ ಮಾತು ಹೆಚ್ಚಾಗಿ ಸೌರಾಷ್ಟ್ರದ ಗುಜರಾತಿ. ಗಿರಾಕಿಗಳೊಡನೆ ಹಿಂದಿ, ಮರಾಠಿ. ಆದರೂ ಕನ್ನಡಿಗನಿಗೆ ಪರಿಚಿತವಾದ ಪದಗಳು ಅಲ್ಲಲ್ಲಿ ಎದುರಾಗುತ್ತವೆ. ಸಂಸ್ಕೃತದ ಕುಂಭಕಾರ ಶಬ್ದವು ಕನ್ನಡದಲ್ಲಿ ಕುಂಬಾರ, ಮರಾಠಿ ಗುಜರಾತಿಗಳಲ್ಲಿ ಕುಂಭಾರ ಎಂದಾಗಿದೆ. ಮರಾಠಿಯ ಮಡಕೇ, ಗಾಡಗೇ ಎಂಬವನ್ನು ಕೇಳಿದೊಡನೆ ಕನ್ನಡದ ಮಡಕೆ, ಗಡಿಗೆಗಳು ನೆನಪಾಗದಿರವು. ಮರಾಠಿಯ ಪಣತಿಯಂತೂ ವಿಶೇಷ ಗಮನಾರ್ಹವಾದುದು. ಕನ್ನಡದಲ್ಲಿ ಹತ್ತನೆಯ ಶತಮಾನದಿಂದೀಚೆಗೆ ಶಬ್ದಗಳ ಮೊದಲಿನ ಪಕಾರವು ಕ್ರಮೇಣ ಹಕಾರವಾಗಿ, ಪಣತೆಯು ಹಣತೆಯಾಯಿತು. ಮರಾಠಿಗರ ದೀಪಾವಳಿಯಲ್ಲಿ ಮಾತ್ರ ಇಂದಿಗೂ ಪಕಾರದ ರೂಪವೇ ಬೆಳಗುತ್ತಿದೆ. ಆದರೆ ಕನ್ನಡದ ತಿಗುರಿಗೆ ಇಲ್ಲಿ ಸಾಟಿಯಾದ ರೂಪವಿಲ್ಲ; ಇಲ್ಲಿಯದು ಚಾಕ್. ಕೊಳ್ಳುವವನ ಕೈಗೆ ಬರುವ ಪಾತ್ರೆಯ ಹೆಸರು ಭಾಷೆಯ ಗಡಿಯನ್ನು ದಾಟುತ್ತದೆ, ಕುಂಬಾರನ ಮನೆಯಲ್ಲೇ ಉಳಿಯುವ ಉಪಕರಣದ ಹೆಸರು ದಾಟುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನವೆನ್ನಬಹುದು.

ಪದಗಳಂತೆಯೇ ಕಥೆಗಳೂ ನೆರೆಹೊರೆಯವು. ಹನ್ನೆರಡನೆಯ ಶತಮಾನದ ಶರಣ ಕುಂಬಾರ ಗುಂಡಯ್ಯನು ಬೀದರ ಜಿಲ್ಲೆಯ ಭಾಲ್ಕಿಯವನು. ಆತನು ಗಡಿಗೆಯನ್ನು ತಟ್ಟುವ ನಾದಕ್ಕೆ ಶಿವನೇ ಮನಸೋತು ಕುಣಿದನೆಂದು ಹರಿಹರನು ತನ್ನ ರಗಳೆಯಲ್ಲಿ ವರ್ಣಿಸಿದ್ದಾನೆ. ಮರಾಠಿ ಸಂತಪರಂಪರೆಯ ಗೋರಾ ಕುಂಭಾರನು ಧಾರಾಶಿವ ಜಿಲ್ಲೆಯ ತೇರ್ ಗ್ರಾಮದವನು. ಸಂತರು ಕೂಡಿದ್ದ ಸಭೆಯಲ್ಲಿ ಅವನು ಮಡಕೆ ತಟ್ಟುವ ಹಲಗೆಯಿಂದ ಒಬ್ಬೊಬ್ಬರ ತಲೆಯನ್ನೂ ತಟ್ಟಿನೋಡಿ, ನಾಮದೇವನನ್ನು ಇನ್ನೂ ಬೇಯದ ಮಡಕೆಯೆಂದು ನಿರ್ಣಯಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಎರಡೂ ಕಥೆಗಳ ಜೀವಾಳ ಆ ಹಲಗೆಯ ಪೆಟ್ಟೇ. ತೇರ್ ಎಂಬುದು ಪ್ರಾಚೀನ ತಗರ. ಕ್ರಿ. ಶ. ಒಂದನೆಯ ಶತಮಾನದ ಗ್ರೀಕ್ ನಾವಿಕಗ್ರಂಥ 'ಪೆರಿಪ್ಲಸ್' ತಗರವನ್ನೂ ಕಲ್ಯಾಣ, ಸೋಪಾರಗಳನ್ನೂ ಹೆಸರಿಸುತ್ತದೆ. ಠಾಣೆಯಿಂದ ಆಳಿದ ಶಿಲಾಹಾರರು ತಾವು ತಗರಪುರದ ಒಡೆಯರೆಂಬ ಅರ್ಥದ ಬಿರುದನ್ನು ಧರಿಸುತ್ತಿದ್ದರು. ಹೀಗೆ ಕೊಂಕಣದ ರೇವುಗಳಿಗೂ ಗುಂಡಯ್ಯ, ಗೋರಾರ ಬಯಲುಸೀಮೆಗೂ ಇದ್ದ ನಂಟು ಇಂದಿನ ರೈಲುಹಾದಿಗಿಂತ ಬಹು ಹಿಂದಿನದು.

ಮೇಲೆ ಹೇಳಿದ ಸೋಪಾರವು ಹಿಂದೆ ಠಾಣೆ ಜಿಲ್ಲೆಗೆ ಸೇರಿತ್ತು. 2014ರಿಂದ ಪಾಲ್ಘರ್ ಜಿಲ್ಲೆಯಲ್ಲಿದೆ. 1882ರಲ್ಲಿ ಪಂಡಿತ ಭಗವಾನಲಾಲ್ ಇಂದ್ರಜಿಯವರು ಅಲ್ಲಿಯ ಒಂದು ದಿಬ್ಬವನ್ನು ಅಗೆಸಿದಾಗ ಇಟ್ಟಿಗೆಯ ಸ್ತೂಪವೊಂದು ಹೊರಬಂದಿತು. ಅದರೊಳಗೆ ಕಲ್ಲಿನ ಪೆಟ್ಟಿಗೆ. ಅದರಲ್ಲಿ ತಾಮ್ರದ ಕರಂಡಕ. ಅದರೊಳಗೆ ಕ್ರಮವಾಗಿ ಬೆಳ್ಳಿ, ಕಲ್ಲು, ಸ್ಫಟಿಕ, ಚಿನ್ನಗಳ ಭರಣಿಗಳು. ಎಲ್ಲಕ್ಕೂ ಒಳಗಿನ ಚಿನ್ನದ ಭರಣಿಯಲ್ಲಿದ್ದುದು ಹದಿಮೂರು ಪುಟ್ಟ ಮಣ್ಣಿನ ಚೂರುಗಳು. ಅವು ಬುದ್ಧನ ಭಿಕ್ಷಾಪಾತ್ರೆಯ ತುಣುಕುಗಳೆಂಬ ನಂಬಿಕೆಯಿಂದ ನಿಕ್ಷೇಪಿಸಲ್ಪಟ್ಟವೆಂದು ಇಂದ್ರಜಿಯವರು ಊಹಿಸಿದರು. ಊಹೆ ಹೇಗೇ ಇರಲಿ, ಈ ಕರಾವಳಿಯ ಜನ ಒಂದು ಕಾಲದಲ್ಲಿ ಚಿನ್ನವನ್ನು ಮಣ್ಣಿನ ಹೊದಿಕೆಯಾಗಿ ಬಳಸಿದ್ದರೆಂಬುದು ಸತ್ಯ.

ಇಂದಿನ ಕಾಲವು ಕೇಳುತ್ತಿರುವುದು ಮಣ್ಣಿನ ಬೆಲೆಯನ್ನಲ್ಲ, ನೆಲದ ಬೆಲೆಯನ್ನು. ಧಾರಾವಿಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯನ್ನು ಮಹಾರಾಷ್ಟ್ರ ಸರಕಾರವು 2004ರಲ್ಲಿ ಅಂಗೀಕರಿಸಿತು. ಹಲವು ವರ್ಷಗಳ ವಿಳಂಬದ ಅನಂತರ, 2022ರ ನವೆಂಬರಿನಲ್ಲಿ ಅದಾನಿ ಸಮೂಹದ ಟೆಂಡರು ಮೇಲುಗೈ ಪಡೆಯಿತು. 2024ರಲ್ಲಿ ಮನೆಮನೆಯ ಸಮೀಕ್ಷೆ ಆರಂಭವಾಯಿತು. 2000ದ ಜನವರಿ 1ಕ್ಕಿಂತ ಮುಂಚಿನಿಂದ ಇರುವ ಅರ್ಹ ನಿವಾಸಿಗಳಿಗೆ ಧಾರಾವಿಯಲ್ಲೇ 350 ಚದರ ಅಡಿಯ ಮನೆಯನ್ನು ಉಚಿತವಾಗಿ ಕೊಡುವ ಮಾತು ಯೋಜನೆಯಲ್ಲಿದೆ. ಒಂದೇ ಕೋಣೆಯಲ್ಲಿ ಬಾಳುತ್ತಿರುವ ಸಂಸಾರಕ್ಕೆ ಅದು ಅಲ್ಪವಾದುದಲ್ಲ. ಆವಿಗೆಯ ಹೊಗೆಯಿಂದ ಕುಂಬಾರರ ಮಕ್ಕಳ ಮತ್ತು ನೆರೆಯವರ ಶ್ವಾಸಕ್ಕೆ ಆಗುವ ಬಾಧೆಯನ್ನೂ ಅಲ್ಲಗಳೆಯುವಂತಿಲ್ಲ. ಆದ್ದರಿಂದ ಎಲ್ಲವೂ ಇದ್ದಂತೆಯೇ ಇರಲೆಂಬುದು ವಿವೇಕದ ಮಾತಾಗದು.

ಆದರೆ ಕುಂಬಾರನ ಪ್ರಶ್ನೆ ವಾಸದ ಮನೆಯೊಂದರಿಂದ ತೀರುವಂಥದಲ್ಲ. ಹೊಲಿಗೆಯ ಯಂತ್ರವನ್ನು ಹತ್ತನೆಯ ಮಹಡಿಗೆ ಏರಿಸಬಹುದು. ಮಣ್ಣಿನ ರಾಶಿಯನ್ನು, ಒಣಗಲಿಟ್ಟ ನೂರಾರು ಗಡಿಗೆಗಳನ್ನು, ಆವಿಗೆಯನ್ನು ಏರಿಸಲಾಗದು. ಹಸಿ ಮಡಕೆಯನ್ನು ದೂರ ಒಯ್ದರೆ ಒಡೆಯುತ್ತದೆ. ತಟ್ಟುವ ಹೊತ್ತು, ತಿರುಗಿಸಿಡುವ ಹೊತ್ತು ಮಣ್ಣಿನ ತೇವವನ್ನು ಅವಲಂಬಿಸಿರುವುದರಿಂದ ಕೆಲಸದವನು ಅದರ ಬಳಿಯಲ್ಲೇ ಇರಬೇಕಾಗುತ್ತದೆ. ಮನೆಯ ಹೆಂಗಸರು ಅಡಿಗೆಯ ನಡುನಡುವೆ ಬಂದು ಮಡಕೆಗಳ ಮಗ್ಗುಲು ಬದಲಿಸಿ ಹೋಗುವುದು ಆ ಅಂಗಳ ಬಾಗಿಲ ಮುಂದೆಯೇ ಇರುವುದರಿಂದ. ಈ ನೆಲ ತಮ್ಮ ಹಿರಿಯರಿಗೆ ದೊರೆತದ್ದೇ ಕುಂಬಾರಿಕೆಗಾಗಿ, ಇದನ್ನು ಉಳಿದ ಗುಡಿಸಲುಗಳೊಡನೆ ಸೇರಿಸಿ ಎಣಿಸಬಾರದು ಎಂಬುದು ಕುಂಬಾರರ ವಾದ. ಅದರ ನ್ಯಾಯಾನ್ಯಾಯಗಳನ್ನು ಕಾನೂನು ನಿರ್ಣಯಿಸಬೇಕು. ಹೊಗೆ ಕಡಿಮೆಯಾದ ಆವಿಗೆಯೂ ಅದರ ಸುತ್ತ ಸಾಮೂಹಿಕ ಅಂಗಳವೂ ಇಲ್ಲದ ಯಾವ ನಕ್ಷೆಯೂ ಕಸುಬನ್ನು ಉಳಿಸಲಾರದೆಂಬುದಕ್ಕೆ ಮಾತ್ರ ಕಾನೂನಿನ ಸಾಕ್ಷಿ ಬೇಡ. ಗಿರಗಾಂವಿನ ಬಳಿಯ ಹಳೆಯ ಕುಂಭಾರವಾಡವೇ ಸಾಕ್ಷಿ.

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ಕನ್ನಡಿಗರು ಮಾತುಮಾತಿಗೆ ಬಳಸುತ್ತಾರೆ. ಧಾರಾವಿಯ ಕುಂಬಾರರಿಗೆ ಈ ನೆಲದಲ್ಲಿ ಈಗ ತೊಂಬತ್ತರ ಆಸುಪಾಸಿನ ವರುಷಗಳು ಸಂದಿವೆ. ಹುಟ್ಟಿದ ನಾಡನ್ನು ಬಿಟ್ಟು ಬಂದು, ಪರಸ್ಥಳದಲ್ಲಿ ಮನೆಮಾತನ್ನೂ ಕಸುಬನ್ನೂ ಕಾಯ್ದುಕೊಂಡವರ ಕಷ್ಟ ಠಾಣೆ-ಕಲ್ಯಾಣಗಳ ಕನ್ನಡಿಗರಿಗೆ ವಿವರಿಸಿ ಹೇಳಬೇಕಾದುದಲ್ಲ. ದೀಪಾವಳಿಗೆ ಮುಂಚಿನ ವಾರಗಳಲ್ಲಿ ಈ ಓಣಿಗಳ ಅಂಗಳಗಳಲ್ಲೆಲ್ಲ ಹಣತೆಗಳು ಸಾಲುಸಾಲಾಗಿ ಒಣಗುತ್ತಿರುತ್ತವೆ. ನಿಧಾನದ ಗಾಡಿಯೊಂದನ್ನು ಹಿಡಿದು ಸಾಯನ್ನಿನಲ್ಲಿಳಿದವರಿಗೆ ಅವು ಇನ್ನೂ ಕಾಣಸಿಗುತ್ತವೆ.