ದೂರ ಪ್ರಯಾಣಕ್ಕೆ ತಕ್ಕ ದಿಂಬು: ಕೊಳ್ಳುವವರಿಗೂ ತಯಾರಿಸುವವರಿಗೂ ಕೆಲವು ವಿಚಾರಗಳು

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ ದೊಡ್ಡ ಊರೇನಲ್ಲ. ಆದರೆ ಸಂತಾನ ಭಾಗ್ಯವನ್ನು ಬೇಡಿ ಅಲ್ಲಿನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಬರುವ ದಂಪತಿಗಳಲ್ಲಿ ದೂರದ ಊರುಗಳವರೂ ಇದ್ದಾರೆ. ರಾತ್ರಿಯಿಡೀ ಬಸ್ಸಿನಲ್ಲೋ ರೈಲಿನಲ್ಲೋ ಕಳೆದು, ಬೆಳಗ್ಗೆ ಮೈಸೂರಿನಲ್ಲಿ ಇಳಿದು, ಮತ್ತೊಂದು ವಾಹನ ಹಿಡಿದು ಅವರು ಕ್ಷೇತ್ರವನ್ನು ತಲುಪಬೇಕಾಗುತ್ತದೆ. ಎದುರು ದಿಕ್ಕಿನ ಪ್ರಯಾಣವೂ ಕಡಿಮೆಯೇನಿಲ್ಲ. ನಂಜನಗೂಡು ಕೈಗಾರಿಕಾ ಪ್ರದೇಶದ ಘಟಕಗಳ ಸಿಬ್ಬಂದಿ, ತಿ. ನರಸೀಪುರದ ವರ್ತಕರು ಚೆನ್ನೈ, ಹೈದರಾಬಾದು, ಮುಂಬೈಗಳಿಗೆ ಹೋಗುವಾಗ ರಾತ್ರಿಯನ್ನೇ ಆರಿಸಿಕೊಳ್ಳುವುದುಂಟು. ಒಂದು ಹಗಲು ಉಳಿಯುತ್ತದೆ ಎಂಬುದು ಅವರ ಲೆಕ್ಕ. ನಿದ್ರೆಗೆಟ್ಟು, ಕತ್ತು ಹಿಡಿದುಕೊಂಡು ಇಳಿದವನಿಗೆ ಆ ಉಳಿದ ಹಗಲು ದಕ್ಕುವುದಿಲ್ಲ. ದರ ನಿಗದಿಯ ಮಾತುಕತೆಗೆ ಕೂರಬೇಕಾದವನು ತೂಕಡಿಸುತ್ತ ಕೂತರೆ ಅದೂ ನಷ್ಟದ ಬಾಬತ್ತೇ ಸರಿ.

ಇದಕ್ಕೆ ಪರಿಹಾರವೆಂದು ಇಂದು ಬಸ್ ನಿಲ್ದಾಣದ ಅಂಗಡಿಯಿಂದ ವಿಮಾನ ನಿಲ್ದಾಣದ ಮಳಿಗೆಯವರೆಗೆ ಪ್ರಯಾಣದ ದಿಂಬುಗಳು ಮಾರಾಟಕ್ಕಿವೆ. ನೂರಿನ್ನೂರು ರೂಪಾಯಿಯಿಂದ ಎರಡು ಸಾವಿರದವರೆಗೂ ಬೆಲೆಯುಂಟು. ಬಹುತೇಕ ಗ್ರಾಹಕರು ಅಂಗಡಿಯಲ್ಲಿ ದಿಂಬನ್ನು ಕೈಯಲ್ಲಿ ಅಮುಕಿ, ಮೆತ್ತಗಿದ್ದರೆ ಕೊಳ್ಳುತ್ತಾರೆ. ಆದರೆ ಪ್ರಯಾಣದ ದಿಂಬಿಗೆ ಮೆತ್ತನೆಯ ಗುಣ ಎರಡನೆಯ ಮಾತು, ಅಳತೆಯೇ ಮೊದಲನೆಯದು. ತಲೆಗೂ ಭುಜಕ್ಕೂ ನಡುವಿನ ತೆರಪನ್ನು ತುಂಬಿ, ಕುಸಿಯದೆ ನಿಲ್ಲುವುದಷ್ಟೇ ಅದರ ಕೆಲಸ.

ವಯಸ್ಕರ ತಲೆಯ ತೂಕ ನಾಲ್ಕೂವರೆಯಿಂದ ಐದು ಕಿಲೋಗ್ರಾಂ. ಎಚ್ಚರವಿದ್ದಾಗ ಕತ್ತಿನ ಸ್ನಾಯುಗಳು ಈ ಭಾರವನ್ನು ಅರಿವಿಲ್ಲದಂತೆಯೇ ಹೊತ್ತಿರುತ್ತವೆ. ನಿದ್ರೆ ಹತ್ತುತ್ತಿದ್ದಂತೆ ಅವು ಸಡಿಲಗೊಂಡು ತಲೆ ಮುಂದಕ್ಕೋ ಪಕ್ಕಕ್ಕೋ ವಾಲುತ್ತದೆ. ಒಂದೇ ಕಡೆಗೆ ಗಂಟೆಗಟ್ಟಲೆ ವಾಲಿದ ಕತ್ತು ಬೆಳಗ್ಗೆ ಹಿಡಿದುಕೊಳ್ಳುತ್ತದೆ. ಕುದುರೆ ಲಾಳದ ಆಕಾರದ ದಿಂಬನ್ನು ಕತ್ತಿಗೆ ಹಾಕಿಕೊಂಡೂ ನೋವು ತಪ್ಪದವರು ಅನೇಕರಿದ್ದಾರೆ. ಕಾರಣ ಸರಳ. ಇಂತಹ ಅನೇಕ ದಿಂಬುಗಳ ಹಿಂಭಾಗ ಪಕ್ಕಗಳಷ್ಟೇ ದಪ್ಪವಾಗಿರುತ್ತದೆ. ಸೀಟಿನ ಬೆನ್ನಿಗೂ ಕತ್ತಿಗೂ ನಡುವೆ ಸೇರಿದ ಆ ದಪ್ಪ ತಲೆಯನ್ನು ಮುಂದಕ್ಕೆ ದೂಡುತ್ತದೆ. ಹಿಂಭಾಗ ತೆಳುವಾಗಿ, ಎರಡು ಪಕ್ಕಗಳು ಎತ್ತರವಾಗಿ, ಗದ್ದದ ಕೆಳಗೆ ಕೂಡಿಸಿ ಕಟ್ಟಿಕೊಳ್ಳಲು ಗುಂಡಿ ಅಥವಾ ದಾರವಿರುವ ದಿಂಬೇ ಕೂತು ನಿದ್ರಿಸುವವರಿಗೆ ಯೋಗ್ಯ. ಈಗಾಗಲೇ ದಪ್ಪ ಹಿಂಭಾಗದ ದಿಂಬನ್ನು ಕೊಂಡವರು ಅದನ್ನು ತಿರುಗಿಸಿ, ತೆರೆದ ಬಾಯಿ ಕತ್ತಿನ ಹಿಂದೆ ಬರುವಂತೆ ಧರಿಸಿದರೆ ಮುಂದಕ್ಕೆ ಬೀಳುವ ಗದ್ದಕ್ಕೆ ಆಧಾರ ಸಿಗುತ್ತದೆ.

ಮಲಗುವ ಬರ್ತಿನ ಲೆಕ್ಕವೇ ಬೇರೆ. ಅಂಗಾತ ಮಲಗುವವರಿಗೆ ತಗ್ಗಿನ ದಿಂಬು ಸಾಕು. ಮಗ್ಗುಲಾಗಿ ಮಲಗುವವರಿಗೆ ಕತ್ತಿನ ಬುಡದಿಂದ ಭುಜದ ಅಂಚಿನವರೆಗಿನ ಅಗಲಕ್ಕೆ ಸಮನಾದ ಎತ್ತರ ಬೇಕು. ಚಾಮರಾಜನಗರದಿಂದ ನಂಜನಗೂಡು, ಮೈಸೂರುಗಳ ಮೂಲಕ ತಿರುಪತಿಗೆ ಹೋಗುವಂತಹ ರಾತ್ರಿ ರೈಲುಗಳ ಹವಾನಿಯಂತ್ರಿತ ಮಲಗುವ ದರ್ಜೆಗಳಲ್ಲಿ ರೈಲ್ವೆಯೇ ದಿಂಬು ಹೊದಿಕೆಗಳನ್ನು ಒದಗಿಸುತ್ತದೆ. ಕೋವಿಡ್ ಕಾರಣ 2020ರಲ್ಲಿ ನಿಂತಿದ್ದ ಈ ಸೌಲಭ್ಯ 2022ರ ಮಾರ್ಚಿಯಲ್ಲಿ ಪುನಃ ಆರಂಭವಾಯಿತು. ಸಾಮಾನ್ಯ ಸ್ಲೀಪರ್ ದರ್ಜೆಯವರು ತಮ್ಮದನ್ನು ತಾವೇ ಒಯ್ಯಬೇಕು. ದಿಂಬಿನ ನಿಜವಾದ ಗಿರಾಕಿ ಅವರೇ ಎಂಬುದನ್ನು ಮಾರಾಟಗಾರರು ಇನ್ನೂ ಸರಿಯಾಗಿ ಗುರುತಿಸಿದಂತೆ ಕಾಣುವುದಿಲ್ಲ.

ಅಳತೆ ತಿಳಿಯಲು ಖರ್ಚಿಲ್ಲದ ಉಪಾಯವೊಂದಿದೆ. ಸ್ನಾನದ ದೊಡ್ಡ ಟವೆಲ್ಲನ್ನು ಬಿಗಿಯಾಗಿ ಸುತ್ತಿ, ಕತ್ತಿನ ಸುತ್ತ ಇಟ್ಟುಕೊಂಡು, ಮನೆಯ ಕುರ್ಚಿಯಲ್ಲಿ ಒರಗಿ ಅರ್ಧ ಗಂಟೆ ಕಣ್ಣು ಮುಚ್ಚಬೇಕು. ತಲೆ ವಾಲಿದರೆ ಇನ್ನೊಂದು ಸುತ್ತು ಸೇರಿಸಬೇಕು. ಕಿವಿಯ ಕೆಳಗೆ ಒತ್ತಿದರೆ ಒಂದು ಸುತ್ತು ಬಿಚ್ಚಬೇಕು. ಹಿತವೆನಿಸಿದ ದಪ್ಪವನ್ನು ಟೇಪಿನಿಂದ ಅಳೆದುಕೊಂಡು ಅಂಗಡಿಗೆ ಹೋದರೆ ಮೋಸಹೋಗುವ ಸಂಭವ ಕಡಿಮೆ. ತೋಳಿಗೆ ಜೋಮು ಹಿಡಿಯುವ ಕತ್ತುನೋವು ಪದೇಪದೇ ಬರುತ್ತಿದ್ದರೆ ದಿಂಬನ್ನು ಬದಲಾಯಿಸುತ್ತ ಕೂರದೆ ವೈದ್ಯರನ್ನು ಕಾಣುವುದು ಲೇಸು.

ಇನ್ನು ಒಳಗಿನ ತುಂಬಿನ ವಿಚಾರ. ಗಾಳಿ ಊದುವ ದಿಂಬು ಮಡಿಸಿದರೆ ಜೇಬಿಗೆ ಹಿಡಿಸುತ್ತದೆ. ಆದರೆ ಪೂರ್ತಿ ಊದಿದರೆ ಚೆಂಡಿನಂತೆ ತಲೆಯನ್ನು ಪುಟಿಸುತ್ತದೆ. ಮುಕ್ಕಾಲು ಪಾಲು ಊದುವುದೇ ಸರಿ. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳ ಹಾದಿಯಲ್ಲಿ ಊಟಿಗೆ ಹೋಗುವವರಿಗೆ ಒಂದು ಎಚ್ಚರಿಕೆ ಅಗತ್ಯ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ದಿಂಬಿನೊಳಗಿನ ಗಾಳಿ ಹಿಗ್ಗುತ್ತದೆ. ಕೆಳಗೆ ಬಿಗಿಯಾಗಿ ಊದಿದ ದಿಂಬು ಮೇಲೆ ಕಲ್ಲಾಗುವುದು ಇದರಿಂದಲೇ. ವಿಮಾನದಲ್ಲಿಯೂ ಹೀಗೆಯೇ ಆಗುವುದರಿಂದ ಮೇಲೇರಿದ ಬಳಿಕ ಊದಿಕೊಳ್ಳುವುದು ಜಾಣತನ.

ಸಾಮಾನ್ಯ ಫೋಮ್ ಅಗ್ಗ ಮತ್ತು ಹಗುರ. ಅದನ್ನು ವ್ಯಾಪಾರಿಗಳು ಡೆನ್ಸಿಟಿಯ ಲೆಕ್ಕದಲ್ಲಿ, ಅಂದರೆ ಒಂದು ಘನ ಮೀಟರಿಗೆ ಎಷ್ಟು ಕಿಲೋ ಎಂಬ ಲೆಕ್ಕದಲ್ಲಿ ಮಾರುತ್ತಾರೆ. ಡೆನ್ಸಿಟಿ ಕಡಿಮೆಯಿದ್ದಷ್ಟೂ ಬೇಗ ಚಪ್ಪಟೆಯಾಗುತ್ತದೆ. ಮೆಮೊರಿ ಫೋಮ್ 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳ ಮೆತ್ತೆಗೆಂದು ರೂಪುಗೊಂಡ ವಸ್ತು. ಮೈಯ ಶಾಖಕ್ಕೆ ಮೆದುವಾಗಿ ಕತ್ತಿನ ಆಕಾರವನ್ನೇ ತಾಳುವುದು ಅದರ ಗುಣ. ಹವಾನಿಯಂತ್ರಿತ ಬಸ್ಸಿನ ತಂಪಿನಲ್ಲಿ ಮೊದಲಿಗೆ ಗಡುಸಾಗಿದ್ದು, ಬೇಸಿಗೆಯಲ್ಲಿ ಕತ್ತನ್ನು ಬೆವರಿಸುವುದು ಅದರ ದೋಷ. ಪೇಟೆಯಲ್ಲಿ ರೆಕ್ರಾನ್ ಎಂದೇ ಹೆಸರಾದ ಪಾಲಿಯೆಸ್ಟರ್ ನಾರನ್ನು ತೊಳೆಯಬಹುದು. ಆದರೆ ಭಾರ ತಡೆಯುವ ಶಕ್ತಿ ಕಡಿಮೆ. ಸಣ್ಣ ಥರ್ಮೊಕೋಲ್ ಮಣಿಗಳನ್ನು ತುಂಬಿದ ದಿಂಬುಗಳು ಆಕಾರಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತವೆಯಾದರೂ ಹೊಲಿಗೆ ಬಿಟ್ಟರೆ ಬಸ್ಸಿನ ತುಂಬ ಮಣಿಗಳೇ.

ಆಕಾರಕ್ಕೆ ಹೊಂದಿಕೊಳ್ಳುವ ತುಂಬು ನಮ್ಮವರಿಗೆ ಹೊಸದಲ್ಲ. ಎಳೆಗೂಸಿನ ತಲೆ ಗುಂಡಾಗಲೆಂದು ಸಾಸಿವೆ ತುಂಬಿದ ಪುಟ್ಟ ದಿಂಬು ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಕಾಳುಗಳು ಸರಿದು ತಲೆಗೆ ಎಡೆ ಮಾಡಿಕೊಡುತ್ತವೆ. ಜಪಾನಿನಲ್ಲಿ ಇದೇ ತತ್ವದಿಂದ ಬಕ್‌ವೀಟ್ ಎಂಬ ಧಾನ್ಯದ ಹೊಟ್ಟನ್ನು ದೊಡ್ಡವರ ದಿಂಬುಗಳಿಗೆ ತುಂಬುತ್ತಾರೆ. ಸಾಸಿವೆ ಭಾರವಾದ್ದರಿಂದ ಪ್ರಯಾಣಕ್ಕೆ ಒಗ್ಗದು. ಹೆಮ್ಮರಗಾಲಕ್ಕೆ ಹರಕೆ ತೀರಿಸಲು ಕೂಸಿನೊಂದಿಗೆ ಬರುವ ದಂಪತಿಗಳಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು: ಒಂದು ವರ್ಷ ತುಂಬದ ಮಗು ಮಲಗುವಾಗ ಯಾವ ಬಗೆಯ ದಿಂಬೂ ಬೇಡವೆಂಬುದು ಇಂದಿನ ಮಕ್ಕಳ ತಜ್ಞರ ಸಲಹೆ. ಮೂಗು ಮುಚ್ಚಿ ಉಸಿರು ಕಟ್ಟುವ ಅಪಾಯವಿದೆ. ಪುಟ್ಟ ಕತ್ತಿನ ದಿಂಬುಗಳನ್ನು ಕೂಸಿಗೆಂದು ಮಾರುವ ಅಂಗಡಿಯವರೂ ಇದನ್ನು ತಿಳಿದಿರತಕ್ಕದ್ದು.

ಇವೆಲ್ಲಕ್ಕಿಂತ ನಮ್ಮ ಭಾಗದ ಸಣ್ಣ ತಯಾರಕರು ಗಮನಿಸಬೇಕಾದ ತುಂಬು ಬೂರುಗ. ಅರಳೆ ಹಿಂಜಿ ಹಾಸಿಗೆ ದಿಂಬು ಹೊಲಿಯುವ ಪಿಂಜಾರ, ನದಾಫ ಕುಟುಂಬಗಳಿಗೆ ಇದರ ಪರಿಚಯ ತಲೆಮಾರುಗಳಷ್ಟು ಹಳೆಯದು. ಬೂರುಗದ ಎಳೆ ಒಳಗೆ ಟೊಳ್ಳು. ಹೊರಗೆ ಮೇಣದಂತಹ ಲೇಪವಿದೆ. ಆದ್ದರಿಂದ ಅದು ಬಲು ಹಗುರ, ತೇವ ಹೀರದು, ಕತ್ತನ್ನು ಬಿಸಿಯಾಗಿಸದು. ನೀರಿನಲ್ಲಿ ತೇಲುವ ಈ ಗುಣದಿಂದಾಗಿಯೇ ಹಿಂದೆ ಹಡಗುಗಳ ಜೀವರಕ್ಷಕ ಅಂಗಿಗಳಲ್ಲಿ ಇದನ್ನು ತುಂಬುತ್ತಿದ್ದರು. ಬೇಸಿಗೆಯಲ್ಲಿ ಕಾಯಿ ಒಡೆಯುವುದರಿಂದ ಸರಕು ಹೊಸದಾಗಿ ದೊರೆಯುವುದು ಆಗಲೇ. ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕ್ಕನೂರು ಇದರ ಹೆಸರಾಂತ ಕೇಂದ್ರ; ಅಲ್ಲಿ ಇದಕ್ಕೆ ಇಲವಂ ಪಂಜು ಎನ್ನುತ್ತಾರೆ.

ಬೂರುಗಕ್ಕೆ ಗಿರಣಿಯ ಹತ್ತಿ ಕಸವನ್ನು ಬೆರೆಸಿ ಮಾರುವ ಚಾಳಿಯೂ ಇದೆ. ಪರೀಕ್ಷೆ ಸುಲಭ. ಚಿಟಿಕೆಯಷ್ಟು ತೆಗೆದು ಬೆರಳುಗಳ ನಡುವೆ ಹೊಸೆಯಬೇಕು. ಹತ್ತಿಯಾದರೆ ನೂಲಾಗಿ ನಿಲ್ಲುತ್ತದೆ. ಬೂರುಗ ರೇಷ್ಮೆಯಂತೆ ಜಾರಿ ಬಿಚ್ಚಿಕೊಳ್ಳುತ್ತದೆ. ಕಪ್ಪು ಬೀಜಗಳು ಉಳಿದಿದ್ದರೆ ಸರಿಯಾಗಿ ಶುಚಿಗೊಳಿಸಿಲ್ಲವೆಂದು ತಿಳಿಯಬೇಕು.

ಕುಂದುಗಳೂ ಇಲ್ಲದಿಲ್ಲ. ತೊಳೆದರೆ ಗಂಟು ಕಟ್ಟುತ್ತದೆ. ವರ್ಷಗಳು ಕಳೆದಂತೆ ಎಳೆ ಮುರಿದು ಪುಡಿಯಾಗುತ್ತದೆ. ಆದಕಾರಣ ಒಳಚೀಲವನ್ನು ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಹೊಲಿದು, ಮೇಲೆ ಜಿಪ್ ಇರುವ ಹತ್ತಿಯ ಗವಸನ್ನು ಪ್ರತ್ಯೇಕವಾಗಿ ಕೊಡಬೇಕು. ಲಾಳಾಕಾರದ ದಿಂಬಾದರೆ ಒಳಚೀಲವನ್ನು ಮೂರು ನಾಲ್ಕು ಖಾನೆಗಳಾಗಿ ವಿಂಗಡಿಸಿ ಹೊಲಿಯುವುದು ಕಡ್ಡಾಯ. ಇಲ್ಲವಾದರೆ ಕೆಲವೇ ಪ್ರಯಾಣಗಳಲ್ಲಿ ತುಂಬೆಲ್ಲ ತುದಿಗೆ ಸರಿದು ಕತ್ತಿನ ಬಳಿ ಬರಿ ಬಟ್ಟೆ ಉಳಿಯುತ್ತದೆ. ಹಿಂಭಾಗದ ಖಾನೆಗೆ ತುಸುವೇ ತುಂಬಿ, ಪಕ್ಕದವಕ್ಕೆ ಗಟ್ಟಿಯಾಗಿ ತುಂಬುವ ಅನುಕೂಲವೂ ಇದರಿಂದ ದೊರೆಯುತ್ತದೆ. ಫೋಮಿನ ಅಚ್ಚಿನಲ್ಲಿ ಬಂದ ದಿಂಬಿಗೆ ಇಲ್ಲದ ಸೌಲಭ್ಯವಿದು: ಗಿರಾಕಿಯ ಕತ್ತಿನ ಅಳತೆ ನೋಡಿ, ಅಂಗಡಿಯಲ್ಲಿಯೇ ಹಿಡಿಯಷ್ಟು ಹೆಚ್ಚು ಕಡಿಮೆ ಮಾಡಿ ಕೊಡಬಹುದು. ಒಂದು ದಿಂಬಿಗೆ ಕಾಲು ಕಿಲೋಗಿಂತ ಹೆಚ್ಚಿನ ಬೂರುಗ ಬೇಕಾಗದು.

ಬೂರುಗ ಬೆಂಕಿಗೆ ಅತಿ ಬೇಗ ತುತ್ತಾಗುವ ವಸ್ತು. ದಾಸ್ತಾನು ಕೊಠಡಿಯಲ್ಲಿ ಬೀಡಿ, ಸಡಿಲ ವಿದ್ಯುತ್ ತಂತಿಗಳು ಇರಕೂಡದು; ಸರಕಿಗೆ ಅಗ್ನಿ ವಿಮೆ ಮಾಡಿಸಿರಬೇಕು. ತುಂಬುವಾಗ ಹಾರುವ ನವಿರಾದ ಎಳೆ ಉಸಿರಿನೊಂದಿಗೆ ಒಳಹೋಗುವುದರಿಂದ ಕೆಲಸಗಾರರಿಗೆ ಮುಖಗವಸು ಒದಗಿಸಬೇಕು.

ಹೊಲಿಗೆ ಯಂತ್ರ ಮತ್ತು ಕೈಚಳಕವಿದ್ದರೆ ಘಟಕ ಆರಂಭಿಸಲು ದೊಡ್ಡ ಬಂಡವಾಳ ಬೇಕಿಲ್ಲ. ಉದ್ಯಮ್ ನೋಂದಣಿಯನ್ನು ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ಪಡೆಯಬಹುದು. ಸಾಲ, ಸಹಾಯಧನದ ವಿವರಗಳಿಗೆ ಮೈಸೂರಿನ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು. ದಿಂಬುಗಳು ತೆರಿಗೆ ವರ್ಗೀಕರಣದಲ್ಲಿ 9404ನೇ ಶೀರ್ಷಿಕೆಯಡಿ ಬರುತ್ತವೆ. ಪೊಟ್ಟಣ ಕಟ್ಟಿ ಮಾರುವುದಾದರೆ ತಯಾರಕರ ಹೆಸರು ವಿಳಾಸ, ಸಂಖ್ಯೆ, ಗರಿಷ್ಠ ಮಾರಾಟ ಬೆಲೆಗಳನ್ನು 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಮುದ್ರಿಸಬೇಕು. ಇವುಗಳ ಜೊತೆಗೆ ದಿಂಬಿನ ಪಕ್ಕದ ಎತ್ತರವನ್ನು ಸೆಂಟಿಮೀಟರಿನಲ್ಲಿಯೂ, ತುಂಬಿದ ವಸ್ತುವಿನ ಹೆಸರನ್ನೂ ನಮೂದಿಸಿದರೆ ಟವೆಲ್ ಸುತ್ತಿ ಅಳತೆ ತಿಳಿದುಬಂದ ಗಿರಾಕಿಗೆ ಹುಡುಕುವ ಕಷ್ಟ ತಪ್ಪುತ್ತದೆ.